ದೀಪದ ಹೊತ್ತಿನಲ್ಲಿ ಆಡಬಾರದ ಮಾತು

ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಯಾರೂ ‘ಇಲ್ಲ’ ಅನ್ನುವುದಿಲ್ಲ. ‘ಬ್ಯಾಡ’ ಅನ್ನುವುದಿಲ್ಲ, ‘ಒಲ್ಲೆ’ ಅಂತೂ ಮೊದಲೇ ಅನ್ನುವುದಿಲ್ಲ. ನಾನು ನರಗುಂದದಿಂದ ರೋಣಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಕಲಿಸಿದ ಮೊದಲ ಪಾಠ ಇದು. ಮುಚ್ಚಂಜೆಯಲ್ಲಿ ಅಸ್ತು ದೇವತೆಗಳು ಮನೆಗಳ ಮೇಲೆ ಹಾದು ಹೋಗುತ್ತಿರುತ್ತವಂತೆ. ಕಿವಿಗೆ ಬಿದ್ದ ಮಾತಿಗೆಲ್ಲ ‘ಅಸ್ತು’ ಅಂದುಬಿಡುತ್ತವಂತೆ. ಸಕ್ಕರೆ ಇಲ್ಲ ಅಂದರೆ ಆ ಮನೆಯಲ್ಲಿ ಸಕ್ಕರೆ ನಿಲ್ಲುವುದಿಲ್ಲ. ಅದಕ್ಕೇ ತೀರಿದ್ದನ್ನು ‘ಹೆಚ್ಚಾಗೇತಿ’ ಅನ್ನಬೇಕು. ನೆರೆಯವರು ಹೆಪ್ಪಿಗೆಂದು ಮಜ್ಜಿಗೆ ಕೇಳಿಕೊಂಡು ಬಂದರೆ ‘ಒಂದೀಟು ತಡದು ಬರ್ರಿ’ ಅನ್ನಬೇಕು. ದೀಪದ ಮುಂದೆ ಆದ ಮಾತನ್ನು ಮರುದಿನ ಮುಂಜಾನೆ ತಿರುವಿ ಹಾಕುವಂತೆಯೂ ಇಲ್ಲ. ದೀಪ ಕೇಳಿದ ಮೇಲೆ ಅದು ಮುಗಿದ ಮಾತು.

ಕಾನ್ವೆಂಟಿನಲ್ಲಿ ಕಲಿತವಳಾದ ನನಗೆ ಮೊದಮೊದಲು ಇದು ಆಟದ ಹಾಗೆ ಕಂಡಿತು. ಆಮೇಲೆ ರೂಢಿಯಾಯಿತು. ಎಷ್ಟೋ ವರ್ಷಗಳ ಸಂಜೆಗಳು ಕೂಡಿದ ಮೇಲೆ, ಆಡದೇ ಉಳಿದ ‘ಇಲ್ಲ’ಗಳೆಲ್ಲ ಈ ಮನೆ ಬಿಟ್ಟು ಹೋಗಿಲ್ಲ, ಇಲ್ಲೇ ಎಲ್ಲೋ ಇವೆ ಅನ್ನಿಸತೊಡಗಿತು. ಜಂತಿಯ ಸಂದಿಯಲ್ಲಿ, ಗೋಡೆಯ ಮಾಡದ ಮಸಿಯಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ ಅಂಗಳದ ಹಗೇವಿನಲ್ಲಿ.

ಹಗೇವು ಅಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕುಣಿ. ಬಾಯಿ ಒಬ್ಬರು ಇಳಿಯುವಷ್ಟೇ, ಒಳಗೆ ಹೊಟ್ಟೆ ದೊಡ್ಡದು. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಆದ್ದರಿಂದ ಬಾಯಿ ತೆಗೆದು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಉರಿಯುತ್ತಲೇ ಇದ್ದರೆ ಮಾತ್ರ ಮನುಷ್ಯರು ಇಳಿಯಬೇಕು. ನನ್ನ ಗಂಡನ ಅಕ್ಕ, ಅತ್ತೆಯ ಹಿರಿಮಗಳು, ಇನ್ನೂ ಲಂಗ-ಪರಕಾರ ಉಡುವ ವಯಸ್ಸಿನಲ್ಲಿ ಹಾಗೆ ನೋಡದೆ ಇಳಿದು ಅಲ್ಲೇ ತೀರಿಕೊಂಡಳು. ನಮ್ಮವರು ಆಗ ತೊಟ್ಟಿಲ ಕೂಸು. ಅಂದಿನಿಂದ ಹಗೇವಿನ ಬಾಯಿಗೆ ಬಂಡೆ ಎಳೆದು ಬಿಟ್ಟಿದ್ದರು. ಮನೆಯಲ್ಲಿ ಆ ಹುಡುಗಿಯ ಫೋಟೋ ಇರಲಿಲ್ಲ, ಸುದ್ದಿಯೂ ಇರಲಿಲ್ಲ. ಆದರೆ ಕೊಡ ಇಳಿಸುವಾಗ ತಪ್ಪಿ ಆ ಬಂಡೆಗೆ ತಾಗಿದರೆ ಒಂದು ಟೊಳ್ಳು ಸದ್ದು ಬರುತ್ತಿತ್ತು, ಕೆಳಗಿನಿಂದ ಯಾರೋ ‘ಊಂ’ ಅಂದ ಹಾಗೆ. ಅತ್ತೆಯ ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತಿತ್ತು. ನಾನು ಕೊಡವನ್ನು ದೂರ ಇಳಿಸುವುದನ್ನು ಕಲಿತೆ. ಚಳಿಗಾಲದ ಮುಂಜಾನೆ ಬೆಕ್ಕು ಬಿಸಿಲು ಕಾಯಿಸಲು ಅಂಗಳವೆಲ್ಲ ಸುತ್ತುತ್ತಿತ್ತು. ಕಟ್ಟೆಯ ಮೇಲೆ ಮಲಗುತ್ತಿತ್ತು, ಒರಳಿನ ಮೇಲೂ ಮಲಗುತ್ತಿತ್ತು. ಬಂಡೆಯ ಮೇಲೆ ಮಲಗಿದ್ದನ್ನು ನಾನು ಕಾಣಲಿಲ್ಲ.

ಒಂದು ಮಳೆಗಾಲದ ಸಂಜೆ ನಮ್ಮವರು ಅಂಗಡಿಯಿಂದ ಬಂದು ಕಾಲು ತೊಳೆಯುತ್ತ ತಾಯಿಗೆ ಹೇಳಿದರು.

“ಎವ್ವಾ, ಈ ಬ್ಯಾಸಗಿಗೆ ಆ ಹಗೇವು ತಗಸಿ, ಸಿಮೆಂಟ್ ಹೊಡಸಿ ನೀರಿನ ಟಾಕಿ ಮಾಡಸ್ತೀನಿ. ನಳ ಬಂದಾಗ ತುಂಬಿಟ್ಟರ ಚಿಂತಿ ಇರೂದಿಲ್ಲ. ಮೊದಲ ನಾನ ಇಳದು ಗ್ವಾಡಿ ಹ್ಯಾಂಗ ಅದಾವ ನೋಡ್ತೀನಿ.”

ಅತ್ತೆ ದೇವರ ಜಗಲಿಯ ಮುಂದೆ, ಇಟಗಿ ಭೀಮವ್ವನ ಫೋಟೋದ ಎದುರು ನಿಂತಿದ್ದರು. ಬತ್ತಿ ಸರಿ ಮಾಡುತ್ತಿದ್ದ ಬೆರಳು ಎಣ್ಣೆಯಲ್ಲೇ ನಿಂತಿತು. ಬಾಯಿ ತೆರೆಯಲಿಲ್ಲ.

“ಆತು ಹಂಗಾರ,” ಎಂದು ನಮ್ಮವರು ಒಳಗೆ ಹೋದರು. ಕೆಟ್ಟ ಮನುಷ್ಯರಲ್ಲ ಅವರು. ಮನೆಗೆ ಬರುವ ಹೊತ್ತೇ ಅದು, ಮಾತು ನೆನಪಾಗುವ ಹೊತ್ತೂ ಅದೇ. ಹೆಂಗಸರು ಸುಮ್ಮನಿದ್ದರೆ ಒಪ್ಪಿದ್ದಾರೆ ಎಂದು ತಿಳಿಯುವುದು ಈ ಮನೆಯ ಗಂಡಸರಿಗೆ ಹಿಂದಿನಿಂದ ಅಂಟಿ ಬಂದದ್ದು.

ಮರುದಿನ ಮಧ್ಯಾಹ್ನ ನಾವಿಬ್ಬರೂ ಮೊರದಲ್ಲಿ ಮಡಕಿ ಕಾಳು ಹಸನು ಮಾಡುತ್ತ ಕೂತಿದ್ದೆವು. ಅತ್ತೆ ತಲೆ ಎತ್ತದೆ ಕೇಳಿದರು.

“ಯವ್ವಾ, ನಿಮ್ಮ ಸಾಲ್ಯಾಗ ಬ್ಯಾಡ ಅನ್ನಾಕ ಇಂಗ್ಲೀಷಿನ್ಯಾಗ ಏನ ಕಲಿಸಿದ್ರು?”

“ನೋ ಅಂತಾರ್ರಿ ಅತ್ತಿ.”

“ಅದಲ್ಲ. ಅದು ಬಸ್ಸಿನ ಕಂಡಕ್ಟರಗೂ ಗೊತ್ತೈತಿ. ಅಸ್ತು ದೇವತಿಗೂ ಗೊತ್ತಾಗಿರತೈತಿ. ಇನ್ನೂ ಒಳಗಿಂದು ಹೇಳು.”

ನನಗೆ ನಗು ಬಂತು. ಅವರ ಮುಖ ನೋಡಿದ ಮೇಲೆ ಇಂಗಿತು.

“ಡಿಸ್‌ಅಗ್ರೀ,” ಎಂದೆ.

ಆ ಮಾತು ನನ್ನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ. ಬೋರ್ಡಿಂಗಿನಲ್ಲಿ ನಮಗೆ ಇಂಗ್ಲೀಷು ಕಲಿಸುತ್ತಿದ್ದ ಸಿಸ್ಟರ್ ತೋಳಿನ ತುದಿಗೆ ಯಾವಾಗಲೂ ಸೀಮೆಸುಣ್ಣದ ಪುಡಿ ಹತ್ತಿರುತ್ತಿತ್ತು. ಹುಡುಗಿಯರನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ ಈ ಮಾತನ್ನು ಅಭ್ಯಾಸ ಮಾಡಿಸುತ್ತಿದ್ದರು. ತಲೆ ಅಲ್ಲಾಡಿಸಬಾರದು, ಕಾಲು ನೆಲಕ್ಕೆ ಬಡಿಯಬಾರದು, ದನಿ ಇಳಿಸಬೇಕು. ಐ ಡಿಸ್‌ಅಗ್ರೀ ಅನ್ನಬೇಕು, ಅಂದ ಮೇಲೆ ಯಾಕೆ ಅನ್ನುವುದನ್ನೂ ಹೇಳಬೇಕು. ತಟ್ಟೆಗೆ ಬದನೆಕಾಯಿ ಬಂದಾಗ ಅನ್ನುವ ಮಾತಲ್ಲ ಅದು. ಬದನೆಕಾಯಿಯಷ್ಟು ರುಚಿ ಇನ್ನೊಂದಿಲ್ಲ ಎಂದು ಯಾರಾದರೂ ಅಂದರೆ ಆಗ ಅನ್ನಬಹುದು. ತಿಂದದ್ದು ಮೈಗೆ ಒಗ್ಗದಿದ್ದರೆ, ಆ ಊಟವೇ ನಮ್ಮ ಕೂಡ ಡಿಸ್‌ಅಗ್ರೀ ಮಾಡಿತು ಎಂದೂ ಹೇಳುತ್ತಾರೆ ಎಂದು ಸಿಸ್ಟರ್ ನಕ್ಕಿದ್ದರು. ಸೂಟಿಗೆ ಶಾಲೆ ಮುಚ್ಚಿ ಮನೆಗೆ ಬಂದಾಗ ನಾನು ಅಪ್ಪನ ಮುಂದೆ ಒಮ್ಮೆ ಅಂದು ತೋರಿಸಿದ್ದೆ. ಅಪ್ಪ ಖುಷಿಯಿಂದ ನೆರೆಯವರನ್ನೆಲ್ಲ ಕರೆದು ಇನ್ನೊಮ್ಮೆ ಅನ್ನಿಸಿದ್ದರು. ಯಾವ ಮಾತಿಗೆ ನಾನು ಒಪ್ಪಿರಲಿಲ್ಲ ಅನ್ನುವುದನ್ನು ಮಾತ್ರ ಯಾರೂ ಕೇಳಿರಲಿಲ್ಲ.

“ಸಿಟ್ಟಿನ ಮಾತೇನು ಅದು?” ಅತ್ತೆ ಕೇಳಿದರು.

“ಅಲ್ರಿ. ನೀ ಅಂದದ್ದು ಕೇಳಿದೆ, ನನ್ನ ಮನಸಿಗೆ ಬರವಲ್ದು, ಅಂದಂಗ.”

“ಅಂದ ಮ್ಯಾಲೆ ಮಾತ ಬಿಡ್ತಾರೇನು?”

“ಬಿಡೂದಿಲ್ರಿ. ಕೂಡೇ ಇರ್ತಾರ, ಕೂಡೇ ಉಣ್ತಾರ.”

ಅತ್ತೆ ಒಂದು ಹರಳು ಹೆಕ್ಕಿ ಬೆರಳ ತುದಿಯಲ್ಲಿ ಹಿಡಿದುಕೊಂಡರು. “ಅಂದ ಮ್ಯಾಲೆ, ಎದುರಿನವ್ರು ನಿಂದರ್ತಾರ?”

ಸಿಸ್ಟರ್ ಇದನ್ನು ಕಲಿಸಿರಲಿಲ್ಲ. “ಯಾಕ ಅಂತ ಕೇಳ್ತಾರ್ರಿ,” ಎಂದೆ.

“ಯಾಕ ಅಂತ ಕೇಳಿದ್ರ ಸಾಕು ಬಿಡು,” ಎಂದರು ಅತ್ತೆ, ಮತ್ತು ಅಂದೇ ಅದನ್ನು ಬಾಯಿಪಾಠ ಮಾಡಿಕೊಂಡರು. ಅವರ ನಾಲಿಗೆಯಲ್ಲಿ ಅದು ‘ಡಿಸಗ್ರಿ’ ಆಯಿತು.

ಬೇಸಿಗೆ ಇನ್ನೂ ದೂರವಿತ್ತು. ಹಗೇವಿನ ಮಾತು ಮತ್ತೆ ಬರಲಿಲ್ಲ. ಅತ್ತೆ ಕಲಿತ ಮಾತನ್ನು ಮರೆಯದಿರಲೆಂದೋ ಏನೋ ಸಣ್ಣಪುಟ್ಟದಕ್ಕೆಲ್ಲ ಬಳಸಿ ನೋಡತೊಡಗಿದರು. ಕಾಲೇಜಿಗೆ ಹೋಗುವ ನನ್ನ ಮಗಳು ಸಂಜೆ, “ಅಜ್ಜಿ, ನೂಡಲ್ಸ್ ತಿಂತಿಯೇನ?” ಅಂದರೆ, ದೀಪ ಹಚ್ಚುತ್ತಲೇ, “ಡಿಸಗ್ರಿ.” ಮಗಳು ಬಿದ್ದು ಬಿದ್ದು ನಕ್ಕಳು. ಗಜೇಂದ್ರಗಡದ ತಮ್ಮ ತವರಿಗೆ ಹೋದಾಗಲೂ ಅತ್ತೆ ಇದನ್ನೇ ಅಂದು ಅಲ್ಲಿನ ಮುದುಕಿಯರನ್ನೆಲ್ಲ ನಗಿಸಿ ಬಂದರಂತೆ. ನಮ್ಮವರಿಗಂತೂ ಇದು ಸಂಜೆಯ ಚಹಾದ ಜೊತೆಯ ಮೋಜಾಯಿತು.

“ಎವ್ವಾ, ಈ ಮೀಸಿ ಬೋಳಸಲೇನು?”

“ಡಿಸಗ್ರಿ.”

“ನಿನ್ನ ಸೊಸಿಗೆ ಒಬ್ಬಾಕಿ ಸವತಿ ತರಲೇನು?”

“ಡಿಸಗ್ರಿ, ಡಿಸಗ್ರಿ!”

“ನೋಡ, ಕಾನ್ವೆಂಟ್ ಸೊಸಿ ನಮ್ಮವ್ವನ್ನ ಮೇಡಂ ಮಾಡಿಬಿಟ್ಲು!”

ನಾನೂ ನಗುತ್ತಿದ್ದೆ. ನಗುವಾಗ ಅತ್ತೆಯ ಕೈಯ ಮೇಲೆ ನನ್ನ ಕಣ್ಣು ಬೀಳುತ್ತಿತ್ತು. ನಾವೆಲ್ಲ ನಕ್ಕು ಮುಗಿಸುವವರೆಗೂ ಅದು ದೀಪದ ಬದಿಗೆ ಅಲುಗದೆ ಇರುತ್ತಿತ್ತು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಆಳುಗಳು ಬಂದು ಹಾರೆ ಹಾಕಿ ಬಂಡೆ ಸರಿಸಿದರು. ಹುಳಿತ ಜೋಳದ, ಹಸಿ ಮಣ್ಣಿನ, ಇನ್ನೂ ಏನೋ ಒಂದರ ವಾಸನೆ ಎದ್ದು ಒಳಮನೆಯವರೆಗೂ ಬಂತು. ಒಗೆದು ಹರವಿದ ಬಟ್ಟೆಗಳಿಗೆ ಹತ್ತಿತು. ಸಿಮೆಂಟು ಹೊಡೆಯುವ ಗೌಂಡಿ ಮರುದಿನ ಬರುವವನಿದ್ದ. ಅತ್ತೆ ಅಂದು ಮಲಗಲಿಲ್ಲ, ಕೂರಲೂ ಇಲ್ಲ. ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ. ಒಮ್ಮೆ ಆ ಕಪ್ಪು ಬಾಯಿಯಿಂದ ಸ್ವಲ್ಪ ದೂರ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ವಾಸನೆಗೆ ಮುಚ್ಚಿಕೊಂಡಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ ಸೆರಗು ಬಾಯಿಯೊಳಗೆ ಇತ್ತು.

ನಮ್ಮವರು ಸಂಜೆ ಎಂದಿಗಿಂತ ಲಗೂ ಬಂದರು. ಚಪ್ಪಲಿ ಹಗೇವಿನ ಅಂಚಿಗೆ ಬಿಟ್ಟು ಏಣಿ ಇಳಿಬಿಟ್ಟರು.

“ದೀಪ ಇಳಿಬಿಟ್ಟ ನೋಡ್ರಿ ಮೊದಲ,” ಎಂದೆ.

“ಮಧ್ಯಾಹ್ನದಿಂದ ತಗದೈತಿ, ಗಾಳಿ ಆಡೇತಿ. ಮೊಬೈಲಿನ್ಯಾಗ ಬ್ಯಾಟರಿ ಐತಿ. ಒಂದ್ ಸಲ ಇಳದು ನೋಡಿ ಬಂದಬಿಡ್ತೀನಿ.”

ಅಷ್ಟರಲ್ಲಿ ಅತ್ತೆ ಹಚ್ಚಿದ ದೀಪ ಹಿಡಿದೇ ಹೊರಗೆ ಬಂದರು. ಗಾಳಿಗೆ ಆರದಂತೆ ಇನ್ನೊಂದು ಕೈ ಮರೆ ಮಾಡಿದ್ದರು. ಬೆರಳುಗಳ ನಡುವೆ ಬೆಳಕು ಕೆಂಪಾಗಿ ಕಾಣುತ್ತಿತ್ತು.

“ತಮ್ಮಾ,” ಎಂದರು. “ಡಿಸಗ್ರಿ.”

ಕಟ್ಟೆಯ ಮೇಲೆ ಫೋನು ಹಿಡಿದು ಕೂತಿದ್ದ ಮಗಳು ಕಿಸಕ್ಕನೆ ನಕ್ಕಳು. ನಮ್ಮವರೂ ನಕ್ಕರು. “ಯಾಕ ಅನ್ನೂದನ್ನೂ ಇಂಗ್ಲೀಷಿನ್ಯಾಗ ಹೇಳಬೇ!” ಎನ್ನುತ್ತ ಏಣಿಯ ಮೇಲೆ ಕಾಲಿಟ್ಟರು.

ಯಾಕ ಅಂತ ಅವರು ಕೇಳಿಯೇಬಿಟ್ಟಿದ್ದರು. ಉತ್ತರಕ್ಕೆ ಮಾತ್ರ ನಿಲ್ಲಲಿಲ್ಲ.

“ಡಿಸಗ್ರಿ ತಮ್ಮಾ,” ಎಂದು ಅತ್ತೆ ಮತ್ತೊಮ್ಮೆ ಅಂದರು. ತಲೆ ಅಲ್ಲಾಡಿಸಲಿಲ್ಲ. ದನಿ ಇಳಿಸಿಯೇ ಅಂದರು, ಸಿಸ್ಟರ್ ಮೆಚ್ಚುವ ಹಾಗೆ. ನಮ್ಮವರು ಸೊಂಟದವರೆಗೆ ನೆಲದೊಳಗಾಗಿದ್ದರು. ನಗು ಇನ್ನೂ ಮುಖದ ಮೇಲಿತ್ತು. ನನ್ನ ಗಂಟಲಲ್ಲೂ ಒಂದು ಮಾತು ಬಂದು ನಿಂತಿತ್ತು, ಎಷ್ಟೋ ವರ್ಷದ ರೂಢಿ ಅದನ್ನು ಅಲ್ಲೇ ಹಿಡಿದಿತ್ತು.

“ಬ್ಯಾಡ!”

ಕೂಗಿದ್ದು ಅತ್ತೆ. ಆ ಹೊತ್ತಿನಲ್ಲಿ ಆ ಮಾತನ್ನು ಆ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ಬ್ಯಾಡ! ಇಳೀಬ್ಯಾಡ! ನಾ ಒಲ್ಲೆ!”

ದೀಪ ವಾಲಿ ಎಣ್ಣೆ ಮೊಣಕೈವರೆಗೆ ಇಳಿಯಿತು. ಓಣಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, ಕೆನ್ನೆ ಬಡಿದುಕೊಂಡು ಮುಂದೆ ಹೋದಳು. ನಮ್ಮವರು ಮೇಲೆ ಬಂದರು. ತಾಯಿಯ ಮುಖ ನೋಡುತ್ತ, ಬೈಸಿಕೊಂಡ ಹುಡುಗನ ಹಾಗೆ ನಿಂತರು.

ನಾನು ಬಾವಿ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟೆ. ಏಣಿಯ ಅರ್ಧಕ್ಕೆ ಹೋಗುವಷ್ಟರಲ್ಲಿ ಜ್ವಾಲೆ ತೆಳ್ಳಗಾಯಿತು, ನೀಲಿಯಾಯಿತು, ಇಲ್ಲದಾಯಿತು. ಯಾರೋ ಕೆಳಗಿನಿಂದ ಎರಡು ಬೆರಳಲ್ಲಿ ಹಿಚುಕಿದಷ್ಟು ಸದ್ದಿಲ್ಲದೆ. ಮಗಳ ಫೋನು ಒಂದು ಸಲ ರಿಂಗಾಗಿ ನಿಂತಿತು. ನಾವು ನಾಲ್ವರೂ ಅಂಚಿಗೆ ಬಿಟ್ಟ ಚಪ್ಪಲಿಗಳನ್ನು ನೋಡುತ್ತಿದ್ದೆವು.

ಅತ್ತೆ ಮೆಟ್ಟಿಲ ಮೇಲೆ ಕೂತರು. ದೀಪ ತೊಡೆಯ ಮೇಲಿತ್ತು.

“ಆಕಿನೂ ದೀಪದ ಹೊತ್ತಿಗೇ ಕೇಳಿದ್ಲಪಾ. ‘ಎವ್ವಾ, ಬೀಗರು ಬಂದಾರ, ಮನ್ಯಾಗಿನ ಜ್ವಾಳ ಹೆಚ್ಚಾಗ್ಯಾವ, ಇಳದು ಒಂದ್ ಬುಟ್ಟಿ ತರಲೇನು?’ ಅಂತ. ಬ್ಯಾಡ ಅನ್ನೂದು ನಾಲಿಗಿ ತುದಿಗೆ ಬಂದಿತ್ತು. ದೀಪ ಕೈಯಾಗಿತ್ತು. ಇದನ್ನ ಇಟ್ಟು ಹೋಗಿ ಕೈ ಹಿಡದು ತಂದರಾತು ಅಂದ್ಕೊಂಡೆ. ನಾ ಸುಮ್ಕಿದ್ದದ್ದ ನೋಡಿ ಹೂಂ ಅಂದ್ಲು ಅವ್ವ ಅಂತ ತಿಳಕೊಂಡ್ಲು. ಜಗಲಿಯಿಂದ ಅಂಗಳಕ್ಕ ಎಷ್ಟ್ ದೂರ ಐತಿ ಹೇಳು.”

ನಮ್ಮವರಿಗೂ ಇದು ಗೊತ್ತಿರಲಿಲ್ಲ. ಅವರು ತಾಯಿಯ ಪಕ್ಕ ಕೂತು, ತೊಡೆಯ ಮೇಲಿನ ದೀಪವನ್ನು ತೆಗೆದು ಕೆಳಗಿಟ್ಟರು. ಆ ಕೈಗಳನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿದರು, ಎಣ್ಣೆ ಹೋದ ಮೇಲೂ ಒರೆಸುತ್ತಲೇ ಇದ್ದರು.

ಹಗೇವಿಗೆ ಯಾರೂ ಇಳಿಯಲಿಲ್ಲ. ಶಿರೋಳದ ಕಡೆಯ ನಮ್ಮ ಹೊಲದಿಂದ ಟ್ರ್ಯಾಕ್ಟರಿನಲ್ಲಿ ಎರೆಮಣ್ಣು ತರಿಸಿ ತುಂಬಿಸಿದೆವು. ನೀರಿಗೆ ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಟಾಕಿ ಬಂತು. ಅಂಗಳದಲ್ಲಿ ಎಲ್ಲಿ ಕೊಡ ಇಳಿಸಿದರೂ ಈಗ ಒಂದೇ ಸದ್ದು. ಡಿಸಗ್ರಿ ಅನ್ನುವ ಮಾತನ್ನು ಅತ್ತೆ ಮತ್ತೆ ಆಡಿಲ್ಲ. ಮಗಳೂ ಆಡಿಸಲು ಹೋಗಿಲ್ಲ. ಕಾನ್ವೆಂಟಿನ ಆ ಮಾತಿನಲ್ಲಿ ದೋಷವಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಅದಕ್ಕೆ ಕೇಳಿಸಿಕೊಳ್ಳುವ ಮನುಷ್ಯರೊಬ್ಬರು ಎದುರಿಗೆ ನಿಂತಿರಬೇಕು. ಅರ್ಧ ಇಳಿದವರನ್ನು ಅದು ಹಿಡಿಯಲಾರದು.

ಮನೆಯೊಳಗೆ ಹಳೆಯ ಪದ್ಧತಿಯೇ ನಡೆದಿದೆ. ಸಂಜೆಗೆ ಸಕ್ಕರೆ ಈಗಲೂ ‘ಹೆಚ್ಚಾಗುತ್ತದೆ’. ಆದರೆ ದೀಪ ಇಟ್ಟ ಮೇಲೆ ಅತ್ತೆ ತಲೆ ಮೇಲೆ ಸೆರಗು ಹೊದ್ದು ಅಂಗಳಕ್ಕೆ ಹೋಗುತ್ತಾರೆ. ಹಗೇವು ಇದ್ದ ಜಾಗದ ಎದುರು ನಿಂತು, ಕೂಗುವುದಿಲ್ಲ, ಎದುರಿಗಿದ್ದವರಿಗೆ ಹೇಳುವಂತೆ ಹೇಳುತ್ತಾರೆ:

“ಬ್ಯಾಡವಾ. ಇಳೀಬ್ಯಾಡ.”

ಒಳಗೆ ಒಗ್ಗರಣೆಗೆ ಎಣ್ಣೆ ಕಾಯುತ್ತಿರುತ್ತದೆ. ಸಾಸಿವೆ ನನ್ನ ಮುಷ್ಟಿಯಲ್ಲೇ ಉಳಿಯುತ್ತದೆ. ಆ ಮಾತಿಗೆ ಮೇಲೆ ಹಾದುಹೋಗುವವರು ಅಸ್ತು ಅನ್ನುತ್ತಾರೋ ಇಲ್ಲವೋ, ಅಂದರೂ ಅದು ಯಾವ ಸಂಜೆಗೆ ಹೋಗಿ ಮುಟ್ಟುತ್ತದೋ ನನಗೆ ತಿಳಿಯುವುದಿಲ್ಲ. ಅತ್ತೆ ಸ್ವಲ್ಪ ಹೊತ್ತು ಕಾಯುತ್ತಾರೆ, ಕರೆದ ಹುಡುಗಿ ತಿರುಗಿ ಬರಲು ಬೇಕಾಗುವಷ್ಟು. ಆಮೇಲೆ ಬಾಗಿಲಿಗೆ ಬಂದು, ಹೊಸ್ತಿಲ ಹತ್ತಿರ ಬದಿಗೆ ಸರಿದು ನಿಂತು, ಮೊದಲು ಆಕೆಯನ್ನು ಒಳಗೆ ಬಿಟ್ಟು, ತಾವು ಹಿಂದಿನಿಂದ ಬರುತ್ತಾರೆ.