ಬಂಡೆಯ ಮೇಲೆ ಇಬ್ಬರು, ದೋಣಿಯಲ್ಲಿ ಕಿಟ್ಟಣ್ಣ

ಬೆಳಗಿನ ಐದೂಮುಕ್ಕಾಲು. ಕಾಪುವಿನ ಲೈಟ್‌ಹೌಸಿನ ದೀಪ ಇನ್ನೂ ಆರಿಲ್ಲ. ದಡದಿಂದ ಒಂದೂವರೆ ಮೈಲು ದೂರದಲ್ಲಿ, ಕರಿಪಾದೆ ಎಂದು ಕರೆಯುವ ಒಂಟಿ ಬಂಡೆಯ ಪಕ್ಕದಲ್ಲಿ, ಕಿಟ್ಟ ಪುತ್ರನ್ ಹುಟ್ಟು ಹಿಡಿದು ಕುಳಿತಿದ್ದಾರೆ. ನಾನು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಯಾಕಪ್ಪಾ ಬಂದೆ ಎಂದುಕೊಳ್ಳುತ್ತಿದ್ದೇನೆ. ತೆರೆಯೊಂದು ದೋಣಿಯನ್ನು ಬಂಡೆಯ ಮಟ್ಟಕ್ಕೆ ಎತ್ತುತ್ತದೆ. "ಹಾರು!" ಎನ್ನುತ್ತಾರೆ ಕಿಟ್ಟಣ್ಣ. ಅಂಗಾರ ಹಾರುತ್ತಾನೆ. ಮುಂದಿನ ತೆರೆಗೆ ಲೂಯಿಸ್. ಒಂದು ಉಸಿರು ತಡವಾದರೆ ಕಾಲು ದೋಣಿಗೂ ಬಂಡೆಗೂ ನಡುವೆ ಸಿಕ್ಕಿ ಹುಡಿಹುಡಿ. ಇಬ್ಬರೂ ಇಳಿದದ್ದೇ ತಡ, ಕಿಟ್ಟಣ್ಣ ದೋಣಿಯನ್ನು ಹಿಂದಕ್ಕೆ ತಳ್ಳಿ ದೂರ ತೆಗೆಯುತ್ತಾರೆ.

ಬಂಡೆಗೆ ಕಚ್ಚಿಕೊಂಡು ಬೆಳೆಯುವ ಹಸಿರು ಚಿಪ್ಪಿಗೆ ಇಲ್ಲಿ ಪಚ್ಚಿಲೆ ಎನ್ನುತ್ತಾರೆ. ಅದನ್ನು ಉಳಿಯಿಂದ ಎಬ್ಬಿಸಿ ಬಲೆಯ ಚೀಲಕ್ಕೆ ತುಂಬುವುದು ಅಂಗಾರ ಮತ್ತು ಲೂಯಿಸರ ಕೆಲಸ. ದೋಣಿ ಕಾಯುವುದು ಕಿಟ್ಟಣ್ಣನ ಕೆಲಸ. ಕಾಯುವುದೆಂದರೆ ಲಂಗರು ಹಾಕಿ ಬೀಡಿ ಸೇದುವುದು ಎಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು! ಲಂಗರಿನ ಹಗ್ಗವನ್ನು ತಳದ ಚಿಪ್ಪುಗಳು ಗರಗಸ ಹಾಕಿದಂತೆ ಕೊಯ್ದುಬಿಡುತ್ತವೆ. ಬಂಡೆಗೆ ಕಟ್ಟಿದರೆ ದೋಣಿಯೇ ಚೂರು. ಹಾಗಾಗಿ ನೀರು ಇಳಿದಿರುವ ಎರಡು ಗಂಟೆಯೂ ಬಂಡೆಯ ಸುತ್ತ ಒಬ್ಬರೇ ಸುತ್ತುತ್ತಿರಬೇಕು. ಒಂದು ಸುತ್ತಿಗೆ ಕಾಲು ಗಂಟೆ, ಒಂದು ಬೆಳಗಿಗೆ ಎಂಟು ಸುತ್ತು.

ಪಡುವಣ ಬದಿಗೆ ಹೋದಾಗ ಇಬ್ಬರೂ ಕಾಣುವುದಿಲ್ಲ, ಊರೂ ಕಾಣುವುದಿಲ್ಲ. "ಇಲ್ಲಿ ಬಂದ ಮೇಲೆ ಕೂಗಿದರೂ ಕೇಳುವುದಿಲ್ಲ," ಎನ್ನುತ್ತಾರೆ ಕಿಟ್ಟಣ್ಣ. "ಈಚೆಗೆ ಬಂದು ಎರಡು ತಲೆ ಕಾಣುವವರೆಗೆ ನಾನು ಉಗುಳು ನುಂಗುವುದಿಲ್ಲ ಮಾರಾಯ್ರೆ. ಎರಡೇ ತಲೆ. ಎಣಿಸಲಿಕ್ಕೆ ಎಷ್ಟು ಹೊತ್ತು ಬೇಕು? ಆದರೂ ಪ್ರತಿ ಸಲ ಎಣಿಸುವುದು."

ನಾನು ಇಲ್ಲಿಗೆ ಬಂದದ್ದು ಚಂದ್ರನ ದೆಸೆಯಿಂದ. ಈ ನವೆಂಬರಿನಲ್ಲಿ ಎರಡನೆಯ ಸಲ ಇಬ್ಬರು ಚಂದ್ರನ ಮೇಲೆ ಇಳಿದು ಬಂದರಲ್ಲ, ಮನುಷ್ಯರನ್ನು ಅಲ್ಲಿಗೆ ಕಳಿಸುವುದರ ಅಪಾಯಗಳ ಬಗ್ಗೆ ಬರೆಯಿರಿ ಎಂದರು ಸಂಪಾದಕರು. ಬನ್ನಂಜೆಯ ಬಾಡಿಗೆ ಕೋಣೆಯಲ್ಲಿರುವ ನನಗೂ ಚಂದ್ರನಿಗೂ ಎಲ್ಲಿಯ ಸಂಬಂಧ? ಮಣಿಪಾಲದ ಕಾಲೇಜು ಲೈಬ್ರರಿಯಲ್ಲಿ ಎರಡು ದಿನ ಕೂತು ಟಿಪ್ಪಣಿ ಮಾಡಿದೆ. ಉಸಿರಾಡುವ ಗಾಳಿಯನ್ನೂ ಇಲ್ಲಿಂದಲೇ ಹೊತ್ತೊಯ್ಯಬೇಕು. ತೊಟ್ಟ ಉಡುಪು ಹರಿದರೆ ಕತೆ ಮುಗಿಯಿತು. ಈ ಸಲವಂತೂ ರಾಕೆಟ್ಟು ಏರುವಾಗಲೇ ಸಿಡಿಲು ಬಡಿದಿತ್ತು. ಇಳಿದವರನ್ನು ಮೇಲೆತ್ತಲು ಇರುವುದು ಒಂದೇ ಎಂಜಿನ್, ಅದು ಹೊತ್ತಿಕೊಳ್ಳದಿದ್ದರೆ ಇನ್ನೊಂದಿಲ್ಲ. ಭೂಮಿಗೆ ಮರಳುವಾಗ ನೌಕೆಯ ಹೊರಮೈ ಬೆಂಕಿಯಾಗುತ್ತದೆ. ಎಲ್ಲ ಬರೆದುಕೊಂಡೆ, ಲೇಖನ ಮಾತ್ರ ಮೇಲೇಳಲಿಲ್ಲ.

ಕಾಪುವಿನ ಶಾಲೆಯಲ್ಲಿ ವಿಜ್ಞಾನ ಕಲಿಸುವ ಲಿಯೋನೆಲ್ ಮಾಸ್ಟ್ರು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ನನ್ನ ಟಿಪ್ಪಣಿ ಓದಿದರು. "ಇದೆಲ್ಲ ಸರಿ. ಆದರೆ ಮೇಲೆ ಸುತ್ತುತ್ತಾ ಉಳಿದ ಮೂರನೆಯವನ ಬಗ್ಗೆ ಒಂದು ಸಾಲೂ ಇಲ್ಲ, ಅಲ್ವಾ? ಅವ ಎಂತ ತಪ್ಪು ಮಾಡಿದ್ದು? ನೀವು ಮಣಿಪಾಲಕ್ಕೆ ಹೋದದ್ದು ದಂಡ. ನಮ್ಮ ಕಿಟ್ಟಣ್ಣನನ್ನು ನೋಡಿ," ಎಂದರು.

ಕಿಟ್ಟಣ್ಣನಿಗೆ ಈಗ ನಲವತ್ತೊಂದು ವರ್ಷ. ಕೂದಲು ಆಗಲೇ ಪೂರ್ತಿ ಬಿಳಿ. ಹದಿನೇಳನೆಯ ವಯಸ್ಸಿನಲ್ಲಿ ಅಣ್ಣ ದೇವದಾಸರ ದೋಣಿ ಕಾಯಲು ಕುಳಿತವರು. ಮಳೆಗಾಲ ಮುಗಿದ ಮೇಲೆ ನಾಲ್ಕು ತಿಂಗಳು ಈ ಕೆಲಸ, ತೊಂಬತ್ತು ಬೆಳಗು. ನಾನು ಲೆಕ್ಕ ಹಾಕಿ ನೋಡಿದೆ: ಈ ಬಂಡೆಗೆ ಇದುವರೆಗೆ ಹದಿನೈದು ಸಾವಿರಕ್ಕೂ ಹೆಚ್ಚು ಸುತ್ತು ಬಂದಿದ್ದಾರೆ. ದಡದಲ್ಲಿ ಹೆಂಗಸರು "ಇದು ಅಂಗಾರ ತೆಗೆದ ಪಚ್ಚಿಲೆ, ಇದು ಲೂಯಿಸ್ ತೆಗೆದದ್ದು" ಎಂದು ಗುರುತಿಸುತ್ತಾರೆ. ಕಿಟ್ಟಣ್ಣ ತೆಗೆದದ್ದು ಎಂಬುದು ಒಂದೂ ಇಲ್ಲ. ಅವನದ್ದೇನು, ದೋಣಿಯಲ್ಲಿ ಕೂತಿರುತ್ತಾನೆ ಎನ್ನುತ್ತಾರೆ ಜನ.

ಇಷ್ಟು ಮಾತ್ರ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಹನ್ನೆರಡು ವರ್ಷಗಳಿಂದ ಊರಿನ ಬಾಯಲ್ಲಿ ಇನ್ನೊಂದು ಮಾತೂ ಇದೆ: "ಅವ ಬಿಟ್ಟು ಬಂದವ."

ಐವತ್ತೇಳರ ನವೆಂಬರ್. ಬಂಡೆಯ ಮೇಲೆ ದೇವದಾಸ ಮತ್ತು ಜೊತೆಗಾರ ಪೋಮ. ಐದನೆಯ ಸುತ್ತಿಗೆ ಗಾಳಿ ತಿರುಗಿತು. ಬಂಡೆಯ ಸುತ್ತ ನೀರು ಬೆಳ್ಳಗೆ ಒಡೆಯತೊಡಗಿತು. ಪೋಮನ ಕಾಲು ಬಿರುಕಿಗೆ ಸಿಕ್ಕಿ ಮುರಿದಿತ್ತು, ಈಜುವ ಹಾಗಿರಲಿಲ್ಲ. ದೇವದಾಸ ಅವನನ್ನು ಬಿಟ್ಟು ನೀರಿಗೆ ಹಾರಲಿಲ್ಲ. ಕಿಟ್ಟಣ್ಣ ಮೂರು ಸಲ ಹತ್ತಿರ ಹೋಗಲು ನೋಡಿದರು, ಮೂರು ಸಲವೂ ಕಡಲು ಹಿಂದಕ್ಕೆ ಎಸೆಯಿತು. ಪಚ್ಚಿಲೆ ತೆಗೆಯುವವರಲ್ಲಿ ಒಂದು ಕಟ್ಟಳೆ ಉಂಟು. ನೀರು ಬಂಡೆಯ ನಡು ಮುಚ್ಚಿದರೆ ದೋಣಿ ಅಲ್ಲಿ ಕಾಯಬಾರದು, ದಡಕ್ಕೆ ಬಂದು ದೊಡ್ಡ ದೋಣಿ ಕೊಂಡೊಯ್ಯಬೇಕು. ಹೊಸದಾಗಿ ಸೇರುವವರಿಗೆ ಮೊದಲು ಹೇಳಿಕೊಡುವುದೇ ಇದನ್ನು. ಕಿಟ್ಟಣ್ಣ ಹಾಗೇ ಮಾಡಿದರು. ಎಂಟು ಜನರನ್ನು ಕೂರಿಸಿಕೊಂಡು ದೊಡ್ಡ ದೋಣಿಯಲ್ಲಿ ಮರಳಿದಾಗ ಬಂಡೆ ಖಾಲಿ. ಪೋಮನ ಹೆಣ ಉಚ್ಚಿಲದ ದಡಕ್ಕೆ ಬಂತು. ದೇವದಾಸ ಬರಲೇ ಇಲ್ಲ.

ಎರಡು ಋತು ಯಾರೂ ಕಿಟ್ಟಣ್ಣನ ದೋಣಿ ಹತ್ತಲಿಲ್ಲ. ನಿಶ್ಚಯವಾಗಿದ್ದ ಮದುವೆ ಮುರಿಯಿತು. ದೇವದಾಸರ ಹೆಂಡತಿ ರತ್ನಾವತಿ ಪಕ್ಕದ ಮನೆಯಲ್ಲೇ ಇದ್ದಾರೆ, ಎರಡು ಮನೆಗೂ ಒಂದೇ ಬಾವಿ. ಕಿಟ್ಟಣ್ಣ ಬಾವಿಕಟ್ಟೆಗೆ ಬಂದರೆ ಅತ್ತಿಗೆ ತುಂಬದ ಕೊಡವನ್ನೇ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಒಂದು ದಿನವಲ್ಲ, ಒಂದು ವರ್ಷವಲ್ಲ, ಹನ್ನೆರಡು ವರ್ಷ. ಕಡಲಿನಲ್ಲೂ ಒಂಟಿ, ಮನೆಯಲ್ಲೂ ಒಂಟಿ. ಕೇಳುತ್ತಾ ಕೂತ ನನಗೆ ಸಿಟ್ಟೇ ಬಂತು. ನೀವು ಯಾಕೆ ಬಾಯಿ ಬಿಟ್ಟು ಹೇಳಲಿಲ್ಲ ಎಂದೆ.

"ಹೇಳಿದರೆ ಎಂತ ಪ್ರಯೋಜನ? ಬದುಕಿ ಬಂದವ ಇನ್ನೆಂತ ಹೇಳುತ್ತಾನೆ? ಅವರೇ ಹೋಗು ಅಂದರು ಅಂತಲೇ ಹೇಳುವುದು. ನಾನಾದರೂ ನಂಬುತ್ತಿರಲಿಲ್ಲ."

ಈ ವರ್ಷ ಜುಲೈಯಲ್ಲಿ, ಮೊದಲ ಸಲದ ಚಂದ್ರಯಾನದ ಹೊತ್ತಿಗೆ, ಜಡಿಮಳೆಗೆ ದೋಣಿಗಳೆಲ್ಲ ದಡದ ಮೇಲೆ ಬಿದ್ದಿದ್ದಾಗ, ಲಿಯೋನೆಲ್ ಮಾಸ್ಟ್ರು ಮೀನು ಒಣಗಿಸುವವರ ಶೆಡ್ಡಿಗೆ ಟ್ರಾನ್ಸಿಸ್ಟರ್ ಹಿಡಿದುಕೊಂಡು ಬಂದರು. ತೆಂಗಿನಕಾಯಿಯನ್ನು ಭೂಮಿ ಮಾಡಿ, ಲಿಂಬೆಹಣ್ಣನ್ನು ಚಂದ್ರ ಮಾಡಿ, ಮನುಷ್ಯರು ಇಳಿಯುವುದು ಹೇಗೆ, ಏರುವುದು ಹೇಗೆ ಎಂದು ತೋರಿಸಿದರು. ಇಳಿಯುವುದಕ್ಕಿಂತ ಏರುವುದೇ ಕಷ್ಟ ಎಂದರು. ಪಚ್ಚಿಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂರನೆಯವನು ಲಿಂಬೆಹಣ್ಣಿನ ಆಚೆ ಬದಿಗೆ ಹೋದಾಗ ರೇಡಿಯೋ ಕೂಡ ಮುಟ್ಟುವುದಿಲ್ಲ, ಸುಮಾರು ಮುಕ್ಕಾಲು ಗಂಟೆ ಅವನಿಗೆ ಯಾರೂ ಇಲ್ಲ ಎಂದರು. ಬಾಗಿಲ ಹತ್ತಿರ ಕೂತಿದ್ದ ಕಿಟ್ಟಣ್ಣ ಎದ್ದು ಹೊರಗೆ ಇಳಿಮಾಡಿನ ಕೆಳಗೆ ನಿಂತರು.

ಆಗ ಹೆಂಗಸರ ನಡುವಿನಿಂದ ರತ್ನಾವತಿ ಕೇಳಿದರು: "ಕೆಳಗಿನ ಇಬ್ಬರಿಗೆ ಮೇಲೆ ಬರ್ಲಿಕ್ಕೆ ಆಗದಿದ್ದರೆ ಮಾಸ್ಟ್ರೇ?"

"ಮೂರನೆಯವನಿಗೆ ಕೆಳಗೆ ಹೋಗ್ಲಿಕ್ಕೆ ಆಗುದಿಲ್ಲ ರತ್ನಕ್ಕ. ಅವನ ನೌಕೆಗೆ ಇಳಿಯುವ ಕಾಲೇ ಇಲ್ಲ. ಅವ ಒಬ್ಬನೇ ವಾಪಸ್ ಬರ್ಬೇಕು."

"ಅದು ಕೆಳಗಿನವರಿಗೆ ಗೊತ್ತುಂಟಾ?"

"ಗೊತ್ತುಂಟು. ಮೂವರಿಗೂ ಗೊತ್ತಿದ್ದೇ ಹೋದದ್ದು."

"ಮತ್ತೆ, ಬಂದ ಮೇಲೆ ಆ ಇಬ್ಬರ ಹೆಂಡತಿಯರ ಹತ್ತಿರ ಅವ ಎಂತ ಹೇಳುವುದು?"

"ಅದು ಪೇಪರಿನಲ್ಲಿ ಬರಲಿಲ್ಲ ರತ್ನಕ್ಕ," ಎಂದರಂತೆ ಮಾಸ್ಟ್ರು. ಅವರ ಇಪ್ಪತ್ತು ವರ್ಷದ ಮಾಸ್ಟರಿಕೆಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಅದೊಂದೇ ಎಂದು ನನ್ನೊಡನೆ ಹೇಳಿದರು. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಮಾಸ್ಟ್ರಲ್ಲವೇ.

ಇಬ್ಬರೂ ಮೇಲೆ ಬಂದು ಮೂರನೆಯವನನ್ನು ಸೇರಿಕೊಂಡರು ಎಂಬ ಸುದ್ದಿ ಬಂದ ದಿನ ರತ್ನಾವತಿ ಮೀನಿನ ಬುಟ್ಟಿಯ ಪಕ್ಕ ಕೂತು ಅತ್ತರು. ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅವರು ಕೊಡ ಎತ್ತಿಕೊಂಡು ಹೋಗಲಿಲ್ಲ. "ಕಿಟ್ಟ, ಆ ದಿನ ಅವರು ನಿನಗೆ ಎಂತ ಹೇಳಿದರು?" ಎಂದು ಕೇಳಿದರು.

ಕಿಟ್ಟಣ್ಣ ಅತ್ತಿಗೆಗೆ ಹೇಳಿದ್ದನ್ನೇ ಈಗ ಬಂಡೆಯ ಪಡುವಣ ಬದಿಯಲ್ಲಿ, ಹುಟ್ಟು ನಿಲ್ಲಿಸದೆ, ನನಗೆ ಹೇಳುತ್ತಾರೆ. "ಮುಂಡಾಸು ಬಿಚ್ಚಿ ತಲೆಯ ಮೇಲೆ ತಿರುಗಿಸಿದರೆ ಬಾ ಅಂತ. ದಡದ ಕಡೆಗೆ ಬೀಸಿದರೆ ಹೋಗು ಅಂತ. ಅಣ್ಣ ದಡದ ಕಡೆಗೆ ಬೀಸಿದ. ನಾನು ಕಾಣದವನ ಹಾಗೆ ಇನ್ನೊಂದು ಸುತ್ತು ಹೊಡೆದೆ. ಪುನಃ ಬೀಸಿದ. ಪುನಃ ನಾನು ಕಾಣಲಿಲ್ಲ. ಮೂರನೆಯ ಸಲ ಬಂದಾಗ ಅವ ಬೀಸಲಿಲ್ಲ. ನನಗೆ ಬೆನ್ನು ಹಾಕಿ, ಕೈಕಟ್ಟಿ ನಿಂತಿದ್ದ. ಕರೆದೆ, ಗಂಟಲು ಹರಿಯುವ ಹಾಗೆ ಕರೆದೆ. ತಿರುಗಲಿಲ್ಲ. ಮತ್ತೆ ನಾನು ದಡಕ್ಕೆ ಹೊರಟೆ."

ರತ್ನಾವತಿಯವರನ್ನು ದಡದಲ್ಲಿ ಕಂಡೆ. ಒಣಮೀನು ಮಗುಚಿ ಹಾಕುತ್ತಾ, ನನ್ನ ಮುಖ ನೋಡದೆ ಮಾತಾಡಿದರು. "ಬೆನ್ನು ಹಾಕಿದರು ಅಂತ ಅವ ಹೇಳಿದ ಕೂಡಲೇ ನನಗೆ ಗೊತ್ತಾಯಿತು ಸುಳ್ಳಲ್ಲ ಅಂತ. ನಾನು ಹಟ ಹಿಡಿದರೆ ಅವರು ಮಾಡುತ್ತಿದ್ದದ್ದು ಅದೇ. ಮಾತಿಲ್ಲ, ಕತೆಯಿಲ್ಲ, ಬೆನ್ನು ಹಾಕಿ ಕೈಕಟ್ಟಿ ನಿಲ್ಲುವುದು. ನಾನು ಸೋಲುವವರೆಗೆ ತಿರುಗುತ್ತಿರಲಿಲ್ಲ. ಅದು ಮನೆಯೊಳಗಿನ ವಿಷಯ, ಇವನಿಗೆ ಹೇಗೆ ಗೊತ್ತಾಗಬೇಕು? ಕಿಟ್ಟನಿಗೆ ಬಾಯಿಗೆ ಬಂದ ಹಾಗೆ ಬೈದೆ. ಹನ್ನೆರಡು ವರ್ಷ ನಿನಗೆ ಬಾಯಿ ಇರ್ಲಿಲ್ವಾ ಅಂತ. ಹೌದು, ಕೇಳಲಿಕ್ಕೆ ನನಗೂ ಬಾಯಿ ಇರಲಿಲ್ಲ."

ಈಗ ಎರಡು ಮನೆಗಳ ನಡುವೆ ಮಾತು ಉಂಟು. ಉಪ್ಪು ಉಂಟಾ, ನೀರು ಇಂಗಿತಾ, ಅಷ್ಟೇ. ಊರವರಲ್ಲಿ ಕೆಲವರು ಇನ್ನೂ ನಂಬಿಲ್ಲ. ಕಿಟ್ಟಣ್ಣ ಅವರನ್ನು ನಂಬಿಸಲು ಹೋಗುವುದೂ ಇಲ್ಲ. ಹೋದ ಹನ್ನೆರಡು ವರ್ಷಗಳನ್ನು ಯಾರೂ ತಂದುಕೊಡುವುದಿಲ್ಲ.

ಏಳನೆಯ ಸುತ್ತು ಮುಗಿಯುತ್ತಿದೆ. ಮೂರನೆಯವನ ಹಾಗೆ ನಿಮಗೂ ಚಂದ್ರನ ಹತ್ತಿರ ಹೋಗಲು ಮನಸ್ಸುಂಟಾ ಎಂದು ತಮಾಷೆಗೆ ಕೇಳುತ್ತೇನೆ. ಅವರು ನಗುವುದಿಲ್ಲ. "ನಾನು ಈ ಬಂಡೆಯ ಮೇಲೆಯೇ ಒಮ್ಮೆಯೂ ಕಾಲಿಟ್ಟವನಲ್ಲ. ನಾನು ಇಳಿದರೆ ದೋಣಿ ಹಿಡಿಯುವವರು ಯಾರು?" ಎನ್ನುತ್ತಾರೆ. ಮಾತು ಮುಗಿಯಿತೆಂದು ನಾನು ಟಿಪ್ಪಣಿ ಪುಸ್ತಕ ಮುಚ್ಚುತ್ತೇನೆ.

"ಅಂಗಾರನಿಗೆ ದೋಣಿ ಕಾಯಲಿಕ್ಕೆ ಕಲಿಸುತ್ತಾ ಇದ್ದೇನೆ. ಅವನ ಕೈ ಪಳಗಿದ ಮೇಲೆ ಒಂದು ಸಲ ನಾನು ಇಳಿಯಬೇಕು. ಗಾಳಿ ಇರುವ ದಿನವೇ ಆಗಬೇಕು. ಅಣ್ಣ ನಿಂತ ಜಾಗ ನನಗೆ ಗೊತ್ತುಂಟು. ಅಲ್ಲಿ ಹಾಗೇ ಬೆನ್ನು ಹಾಕಿ ನಿಲ್ಲುತ್ತೇನೆ, ಅಂಗಾರ ದೋಣಿಯನ್ನು ದಡಕ್ಕೆ ತಿರುಗಿಸಲಿ. ನೋಡದೆ ನಿಂತವನಿಗೆ ಹುಟ್ಟಿನ ಸದ್ದು ಕೇಳುತ್ತದಾ, ನಾನು ಹೋದದ್ದು ಅವನಿಗೆ ಗೊತ್ತಾಯಿತಾ? ಅಷ್ಟು ತಿಳಿದರೆ ನನಗೆ ಸಾಕು ಮಾರಾಯ್ರೆ."