ಉಪ್ಪು, ಇದ್ದಿಲು ಮತ್ತು ಒಂದು ಸಹಿ

ಎಲೆಕ್ಟ್ರಿಷಿಯನ್ ಬೇಕು ಎಂದು ಫೋನ್ ಮಾಡಿದವರ ಮನೆಗೆ ನಾನು ಹೋಗಿ ನಿಂತರೆ ಅವರು ಮೊದಲು ನನ್ನ ಬೆನ್ನ ಹಿಂದೆ ನೋಡುತ್ತಾರೆ. ರೂಪನಗುಡಿಯ ಒಂದು ಮನೆಯಲ್ಲಂತೂ ನನ್ನನ್ನು ಕೂರಿಸಿ, ಚಹಾ ಕೊಟ್ಟು, ಒಗ್ಗರಣೆ ಹಾಕಿದ ಮಂಡಕ್ಕಿ ಕೊಟ್ಟು, ಅರ್ಧ ತಾಸು ನಮ್ಮೂರಿನ ಸುದ್ದಿ ಕೇಳಿ, ಆಮೇಲೆ ಮೆಲ್ಲಗೆ, "ಅವ್ರು ಯಾವಾಗ ಬರ್ತಾರ್ರಿ?" ಎಂದರು. ಯಾರು ಎಂದೆ. "ಅದ, ಕರೆಂಟಿನವ್ರು." ನಾನು ಮಂಡಕ್ಕಿ ಮುಗಿಸಿ ಎದ್ದು ಮೇನ್ ಸ್ವಿಚ್ ಆಫ್ ಮಾಡಿದೆ. ಫ್ಯಾನ್ ನಿಂತ ಮೇಲೆ ಅವರಿಗೆ ನಂಬಿಕೆ ಬಂತು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಕುರುಗೋಡು ನಮ್ಮೂರು. ಐಟಿಐ ಮುಗಿಸಿ ಬಳ್ಳಾರಿಯ ಅಂಗಡಿ ಅಂಗಡಿ ಅಲೆದೆ. ಒಬ್ಬರು ಬಿಲ್ ಬರೆಯುವ ಕೆಲಸ ಇದೆ ಎಂದರು, ಇನ್ನೊಬ್ಬರು ಮದುವೆ ಆಗಿದೆಯಾ ಎಂದು ಕೇಳಿದರು. ಕೊನೆಗೆ ಗಾಂಧಿನಗರದ ಒಬ್ಬ ಲೈಸೆನ್ಸ್ ಇದ್ದ ಗುತ್ತಿಗೆದಾರರ ಮುಂದೆ ಹೋಗಿ ನಿಂತೆ. ಅವರು ನನ್ನ ಸರ್ಟಿಫಿಕೇಟಿನ ಕಡೆ ನೋಡಲೇ ಇಲ್ಲ.

"ಏಣಿ ಹತ್ತತೀ ಏನವ್ವಾ?"

"ಹತ್ತತೀನ್ರಿ."

"ಇಳೀತೀ?"

"ಹತ್ತಿದ ಮ್ಯಾಲ ಇಳೀಬೇಕಲ್ರಿ."

"ಹಂಗೇನಿಲ್ಲ. ನನ್ನ ಕೈಕೆಳಗ ಇದ್ದೋರು ಭಾಳ ಮಂದಿ ಬಿದ್ದಾರ. ನಾಳೆ ಬಾ."

ಹೀಗೆ ನನ್ನ ಸಂದರ್ಶನ ಮುಗಿಯಿತು. ಅವರ ಲೆಕ್ಕಾಚಾರ ಆಮೇಲೆ ತಿಳಿಯಿತು. ಹಗಲು ಹೊತ್ತು ಮನೆಯಲ್ಲಿ ಹೆಂಗಸರಷ್ಟೇ ಇರುತ್ತಾರೆ, ಗಂಡಸು ಹೋದರೆ ಬಾಗಿಲು ತೆರೆಯುವುದಿಲ್ಲ. ಹೆಣ್ಣುಮಗಳು ಹೋದರೆ ಅಡುಗೆಮನೆಯವರೆಗೂ ಬಿಡುತ್ತಾರೆ. ಆದರೆ ಅವರು ಒಂದು ಷರತ್ತು ಹಾಕಿದ್ದರು. ನನ್ನ ಸ್ವಂತ ಹೆಸರಿನಲ್ಲಿ ವೈರ್‌ಮನ್ ಪರ್ಮಿಟ್ ಬೇಕೆಂದರೆ, ಎರಡು ವರ್ಷ ಇವರ ಕೈಕೆಳಗೆ ಕೆಲಸ ಮಾಡಿದ್ದೇನೆ ಎಂಬ ಪತ್ರಕ್ಕೆ ಇವರು ಸಹಿ ಹಾಕಬೇಕು. ಆ ಪತ್ರವಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. "ಎರಡು ವರ್ಷದಾಗ ಒಂದ ಒಂದು ಕಂಪ್ಲೇಂಟ್ ಬಂತಂದ್ರ ಸೈ ಇಲ್ಲ ನೋಡು," ಎಂದಿದ್ದರು. ಅವರು ಹೇಳಿದ್ದನ್ನು ಮಾಡುವ ಮನುಷ್ಯ. ಅದೇ ಕಷ್ಟ.

ಎರಡು ವರ್ಷ ನಾನು ಸಿಟ್ಟನ್ನು ನುಂಗಿಕೊಂಡು ಬದುಕಿದೆ. ಹಲಕುಂದಿಯಲ್ಲಿ ಒಬ್ಬ ಯಜಮಾನರು ನಾನು ಹಾಕಿದ ಪ್ರತಿ ಸ್ಕ್ರೂವನ್ನು ಇನ್ನೊಮ್ಮೆ ತಾವೇ ತಿರುಗಿಸಿ, ಮೂರು ಸ್ವಿಚ್ ಬೋರ್ಡು ಸೀಳಿದರು. ಅದಕ್ಕೂ ನಾನು "ಆಯ್ತ್ರಿ" ಎಂದೆ. ಕುರುಗೋಡಿನ ಬಜಾರಿನಲ್ಲಿ ನನ್ನದೇ ಒಂದು ಬೋರ್ಡ್ ಹಾಕಬೇಕು, ಅದರ ಕೆಳಗೆ ಪರ್ಮಿಟ್ ನಂಬರ್ ಬರೆಸಬೇಕು ಎಂಬ ಒಂದೇ ಆಸೆ ನನ್ನ ಬಾಯಿ ಮುಚ್ಚಿಸಿತ್ತು.

ಅರ್ಜಿ ಹಾಕಲು ನಾಲ್ಕು ದಿನ ಉಳಿದಿದ್ದಾಗ ಸಿರುಗುಪ್ಪದ ಕೆಲಸ ಬಂತು. ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬರು ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸಿದ್ದರು. ವೈರಿಂಗ್ ಮುಗಿದಿತ್ತು, ಅರ್ಥಿಂಗ್ ಮಾತ್ರ ಉಳಿದಿತ್ತು. ಎಲ್ಲಾದರೂ ಕರೆಂಟ್ ಸೋರಿದರೆ ಅದು ಮನುಷ್ಯರ ಮೈಯಲ್ಲಿ ಹಾಯದೆ ನೆಲಕ್ಕೆ ಇಳಿದುಹೋಗಲಿ ಎಂದು ಅಂಗಳದಲ್ಲಿ ಆಳವಾದ ಗುಂಡಿ ತೋಡಿ, ಕಬ್ಬಿಣದ ಪೈಪ್ ನಿಲ್ಲಿಸಿ, ಸುತ್ತಲೂ ಒಂದು ಪದರ ಇದ್ದಿಲು ಒಂದು ಪದರ ಉಪ್ಪು ತುಂಬಿ ನೀರು ಸುರಿಯುತ್ತೇವೆ. ನಮ್ಮ ಕಡೆ ಇದಕ್ಕೆ ಬರೀ ‘ಅರ್ಥ್’ ಎನ್ನುತ್ತಾರೆ.

ಮನೆಯಲ್ಲಿ ಆ ಹೊತ್ತು ಯಜಮಾನರ ತಾಯಿ ಒಬ್ಬರೇ ಇದ್ದರು. ಕಿಟಕಿಯಲ್ಲಿ ಕೂತು ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಕಂಡದ್ದೇನು ಎಂದು ಈಗ ಯೋಚಿಸಿದರೆ ಅವರದು ತಪ್ಪೆನ್ನಲು ಮನಸ್ಸು ಬರುವುದಿಲ್ಲ. ಬೆವರಿಗೆ ಜಡೆ ಬಿಚ್ಚಿ ಕೂದಲು ಮುಖದ ಮೇಲೆ ಬಿದ್ದಿದ್ದ ಒಬ್ಬಳು ಹೆಂಗಸು, ಅಂಗಳದ ಗುಂಡಿಯ ಅಂಚಿನಲ್ಲಿ ಕೂತು, ಪದರ ತಪ್ಪದಿರಲಿ ಎಂದು "ಇದ್ದಿಲು, ಉಪ್ಪು, ಇದ್ದಿಲು, ಉಪ್ಪು" ಎಂದು ಬಾಯಲ್ಲೇ ಗುನುಗುತ್ತ, ನಡುನಡುವೆ ತಂಬಿಗೆಯಿಂದ ನೀರು ಬಿಡುತ್ತಿದ್ದಳು. ಅವತ್ತು ಅಮಾವಾಸ್ಯೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಪೈಪಿಗೆ ತಂತಿ ಬಿಗಿಯುವ ಕ್ಲಾಂಪ್ ತರಲು ಬಜಾರಿಗೆ ಹೋಗಿ ಬರುವಷ್ಟರಲ್ಲಿ, ಗುಂಡಿ ತೋಡಿದ್ದ ಕೂಲಿಯವರಿಬ್ಬರು ನಾನು ತುಂಬಿದ್ದನ್ನೆಲ್ಲ ಬುಟ್ಟಿಯಲ್ಲಿ ಮೇಲೆತ್ತುತ್ತಿದ್ದರು. ಏನ್ರಿ ಇದು ಎಂದೆ. "ಹಾಕು ಅಂದ್ರ ಹಾಕ್ತೀವಿ, ತೆಗಿ ಅಂದ್ರ ತೆಗೀತೀವಿ," ಎಂದು ಒಳಗಿನವನು ತಲೆ ಎತ್ತದೆ ಹೇಳಿದ. ಅಜ್ಜಿ ಪೊರಕೆ ಹಿಡಿದು ಮೇಲ್ವಿಚಾರಣೆ ಮಾಡುತ್ತಿದ್ದರು. ಮಗ ಮನೆಯಲ್ಲಿಟ್ಟಿದ್ದ ನನ್ನ ಗುತ್ತಿಗೆದಾರರ ಕಾರ್ಡ್ ಹುಡುಕಿ, ಅವರಿಗೆ ಆಗಲೇ ಫೋನ್ ಮಾಡಿಯಾಗಿತ್ತು. "ನಿನ್ನ ಹುಡುಗಿ ನಮ್ಮ ಅಂಗಳದಾಗ ಚೇತಬಡಿ ಮಾಡ್ಯಾಳ" ಎಂದು. ತೆಲುಗಿನವರು ಮಾಟಕ್ಕೆ ಹಾಗೆನ್ನುತ್ತಾರೆ. ಗಡಿಯ ಈ ಕಡೆ ಎರಡು ಭಾಷೆಯಲ್ಲೂ ಬೈಸಿಕೊಳ್ಳುವ ಅನುಕೂಲವಿದೆ.

ನಾನು ಕಟ್ಟೆಯ ಮೇಲೆ ಕುಸಿದು ಕೂತೆ. ಎರಡು ವರ್ಷದ ಕೊನೆಗೆ ಬಂದ ಮೊದಲ ಕಂಪ್ಲೇಂಟ್, ಅದೂ ಮಾಟದ್ದು. ಲೂಸ್ ಕನೆಕ್ಷನ್ ಎಂದಿದ್ದರೆ ಬಿಗಿ ಮಾಡಿ ತೋರಿಸಬಹುದಿತ್ತು. ಮಾಟ ಮಾಡಿಲ್ಲ ಎಂಬುದನ್ನು ಯಾವ ಮೀಟರ್ ಹಚ್ಚಿ ತೋರಿಸಲಿ? ಅಳು ಬಂತು. ಅಜ್ಜಿಯ ಮುಂದೆ ಅಳಬಾರದೆಂದು ಕ್ಲಾಂಪ್ ಎಣಿಸುತ್ತ ಕೂತೆ. ನಾಲ್ಕೇ ಇದ್ದವು.

ಗುತ್ತಿಗೆದಾರರು ಬಳ್ಳಾರಿಯಿಂದ ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದರು. ನನ್ನ ಕಡೆ ನೋಡದೆ ನೇರ ಅಜ್ಜಿಯ ಮುಂದೆ ಕೈಮುಗಿದು ನಿಂತರು.

"ಅಮ್ಮಾ, ಅದು ಅರ್ಥ್ ಅಮ್ಮಾ."

"ನಂಗೂ ಅರ್ಥ ಆತಪ್ಪಾ. ಅದಕ್ಕ ನಿಂಗ ಫೋನ್ ಮಾಡಿದ್ದು."

"ಆ ಅರ್ಥ ಅಲ್ಲಮ್ಮಾ. ಪ್ರತಿ ಮನಿಗೂ ಒಂದು ಅರ್ಥ್ ಇರಬೇಕು."

"ಹಂಗಾರ ಇಷ್ಟು ವರ್ಷ ನಮ್ಮ ಮನಿಗೆ ಅರ್ಥ ಇದ್ದಿಲ್ಲೇನು?"

"ಇದ್ದಿದ್ದಿಲ್ಲ," ಎಂದೆ ನಾನು. ಬಾಯಿಂದ ಬಂದುಬಿಟ್ಟಿತ್ತು.

ಗುತ್ತಿಗೆದಾರರು ನನ್ನನ್ನು ಪಕ್ಕಕ್ಕೆ ಕರೆದು, "ಹೌದಮ್ಮಾ, ದೃಷ್ಟಿ ಆಗಬಾರದಂತ ಹಾಕಿದ್ದು ಅಂತ ಹೇಳಿಬಿಡವ್ವಾ. ಮುಗದ ಹೋಗಲಿ," ಎಂದು ಪಿಸುಗುಟ್ಟಿದರು. ಹಾಗೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎರಡು ವರ್ಷ ನುಂಗಿದ ಸಿಟ್ಟು ಅವತ್ತೇ ಮೇಲೆ ಬರಬೇಕೆ? ನಾನು ಐಟಿಐನಲ್ಲಿ ಓದಿದ್ದು ದೃಷ್ಟಿ ತೆಗೆಯುವುದನ್ನಲ್ಲ. ಅಜ್ಜಿಯ ಮುಂದೆ ಹೋಗಿ ಕೂತು ಹೇಳಿದೆ: "ನೋಡಮ್ಮಾ, ಮೋಟರಿನ ಒಳಗ ತಂತಿ ಸುಟ್ಟು ಹೋಗಿ ಕರೆಂಟ್ ಕಬ್ಬಿಣಕ್ಕ ಬರತೈತಿ. ಮುಟ್ಟಿದೋರ ಮೈಯಾಗ ಹಾದು ನೆಲಕ್ಕ ಹೋಗತೈತಿ. ಈ ಗುಂಡಿ ಇದ್ರ ಮನಷ್ಯಾನ್ನ ಬಿಟ್ಟು ಇದರಾಗ ಹೋಗತೈತಿ, ಫ್ಯೂಸ್ ಹಾರತೈತಿ. ಉಪ್ಪು, ಇದ್ದಲಿ ಹಾಕೋದು ಮಣ್ಣು ಹಸಿ ಇರಲಿ ಅಂತ. ಅಷ್ಟ. ಮಂತ್ರ ಇಲ್ಲ, ಮಾಟ ಇಲ್ಲ."

ಅಜ್ಜಿ ಪೊರಕೆ ಕೆಳಗಿಟ್ಟರು.

"ನೀರಿನ ಮೋಟರಿಗೂ ಹಂಗ ಏನು?"

"ಹಂಗ ರಿ."

ಆಮೇಲೆ ಅವರು ಹೇಳಿದ್ದು ಇಷ್ಟು. ಅವರ ಗಂಡ ಇದೇ ಅಂಗಳದಲ್ಲಿ ಬೋರಿನ ಮೋಟರ್ ಪೈಪ್ ಮುಟ್ಟಿ ಸತ್ತಿದ್ದರು. ಅವತ್ತು ಬೆಳಿಗ್ಗೆ ಆ ಪೈಪಿನ ಬುಡದಲ್ಲಿ ಒಂದು ನಿಂಬೆಹಣ್ಣು ಬಿದ್ದಿತ್ತು. ಪಕ್ಕದ ಮನೆ ಅವರ ನೆಗೆಣ್ಣಿಯದು, ಅಂದರೆ ಮೈದುನನ ಹೆಂಡತಿಯದು. ಜಾಗದ ಪಾಲಿನ ಜಗಳ ಆಗಷ್ಟೇ ನಡೆದಿತ್ತು. ಮಾಟ ಆಕೆಯದೇ ಎಂದು ಅಂದಿನಿಂದ ಹದಿನೆಂಟು ವರ್ಷ ಅಜ್ಜಿ ಆಕೆಯ ಮುಖ ನೋಡಿರಲಿಲ್ಲ.

ನಾನು ಕಂಪೌಂಡಿನ ಕಡೆ ನೋಡಿದೆ. ಆಚೆ ಮನೆಯ ನಿಂಬೆಗಿಡ ಗೋಡೆ ದಾಟಿ ಈಚೆಗೆ ವಾಲಿತ್ತು. ಕೆಳಗೆ ನಾಲ್ಕೈದು ಹಣ್ಣು ಬಿದ್ದಿದ್ದವು. ಅಜ್ಜಿಯೂ ಅತ್ತ ನೋಡಿದರು.

"ಅವತ್ತು ಈ ಗುಂಡಿ ಇದ್ದಿದ್ರ?"

ಸುಳ್ಳು ಹೇಳೋಣ ಎನಿಸಿತು. ಆಗಲಿಲ್ಲ. "ಉಳೀತಿದ್ರು ಅನಸ್ತೈತಮ್ಮಾ," ಎಂದೆ.

ಅವರು ಅಳಲಿಲ್ಲ. ಕೂಲಿಯವರಿಗೆ, "ತೆಗೆದದ್ದೆಲ್ಲಾ ಮತ್ತ ಹಾಕ್ರಿ," ಎಂದರು. ಗುತ್ತಿಗೆದಾರರು ಗಂಟಲು ಸರಿಮಾಡಿಕೊಂಡು, "ಅಮ್ಮಾ, ಕಂಪ್ಲೇಂಟ್..." ಎಂದರೆ ಅದು ಅವರ ಕಿವಿಗೆ ಬೀಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೇಟು ತೆರೆದು, ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತರು. ಒಬ್ಬ ಮುದುಕಿ ಹೊರಗೆ ಬಂದು, ಇವರನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹದಿನೆಂಟು ವರ್ಷದ ಮೇಲೆ ಆಡುವ ಮೊದಲ ಮಾತು ಏನಿರಬಹುದೆಂದು ನಾವು ಗೇಟಿನವರೆಗೂ ಬಂದು ನಿಂತೆವು.

"ನಿಮ್ಮ ಮನಿಗೆ ಅರ್ಥ್ ಐತೇನು?" ಎಂದರು ಅಜ್ಜಿ.

ಆಕೆ ಚೌಕಟ್ಟಿನಿಂದ ಕೈ ತೆಗೆದು, "ಇಲ್ಲ. ಒಳಗ ಬಾ," ಎಂದರು.

ಗುತ್ತಿಗೆದಾರರು ಬೈಕಿನ ಡಬ್ಬಿಯಿಂದ ಪತ್ರ ತೆಗೆದು ಸೀಟಿನ ಮೇಲಿಟ್ಟು ಸಹಿ ಹಾಕಿದರು. ಬರುವಾಗಲೇ ಟೈಪ್ ಮಾಡಿಸಿಕೊಂಡು ತಂದಿದ್ದರು ಎಂಬುದು ಆಗ ತಿಳಿಯಿತು. "ಕಂಪ್ಲೇಂಟ್ ಬಂದಿತ್ತಲ್ರಿ," ಎಂದೆ. "ಕರೆಂಟಿನ ಕೆಲಸದ ಮ್ಯಾಲ ಏನೂ ಬಂದಿಲ್ಲಲ್ಲ," ಎಂದು ಕಣ್ಣೊರೆಸಿಕೊಂಡು ಬೈಕ್ ಹತ್ತಿದರು.

ಪರೀಕ್ಷೆ ಬರೆದೆ, ಪಾಸಾದೆ. ಪರ್ಮಿಟ್ ಕೈಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಆ ನೆಗೆಣ್ಣಿಯ ಅಂಗಳದ ಅರ್ಥಿಂಗ್. ನನಗೆ ಉಪ್ಪು ಮುಟ್ಟಲು ಬಿಡಲಿಲ್ಲ. ಅಜ್ಜಿ, ನೆಗೆಣ್ಣಿ ಇಬ್ಬರೂ ಗುಂಡಿಯ ಎರಡು ಕಡೆ ಕೂತು ತಾವೇ ಹಾಕಿದರು. ಒಬ್ಬರು ಜಾಸ್ತಿ ಆಯಿತೆಂದರು, ಇನ್ನೊಬ್ಬರು ಮೊದಲಿನಿಂದಲೂ ನಿನ್ನ ಕೈ ಬಿಗಿ ಎಂದರು. ಹದಿನೆಂಟು ವರ್ಷದ ಜಗಳ ಬಾಕಿ ಇತ್ತು, ನಾನು ಪೈಪ್ ಹಿಡಿದುಕೊಂಡು ಕಾಯುತ್ತ ನಿಂತೆ.