ಬಣ್ಣ ಹೊಡೆದು ಮುಗಿಯದ ಮನೆ

ಮೊನ್ನೆ ದುಬೈಯ ನಮ್ಮ ಜುಮೇರಾ ಲೇಕ್ ಟವರ್ಸಿನಲ್ಲಿ, ಪಕ್ಕದ ಕಟ್ಟಡದ ಕೆಳಗಿರುವ ಕೊರಿಯನ್ ಅಂಗಡಿಗೆ ಹೋಗಿದ್ದೆ. ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಮಗಳಿಗೆ ಅಲ್ಲಿ ಸಿಗುವ ಖಾರದ ನೂಡಲ್ಸಿನ ಹುಚ್ಚು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ತಿನ್ನುವುದರಲ್ಲಿ ಏನು ಸುಖವೋ. ಅವಳು ಪೊಟ್ಟಣ ಆರಿಸುವಷ್ಟು ಹೊತ್ತು ನಾನು ಕಪಾಟುಗಳ ನಡುವೆ ಸುಮ್ಮನೆ ನಿಂತಿದ್ದೆ. ಎಳ್ಳೆಣ್ಣೆಯ ವಾಸನೆ, ಅದರ ಬೆನ್ನಿಗೇ ಒಣಮೀನಿನ ವಾಸನೆ. ಅಷ್ಟರಲ್ಲಿ ಅಂಗಡಿಯ ಆಚೆ ಮೂಲೆಯಿಂದ ಸಣ್ಣ ಮಗುವೊಂದು “ಅಪ್ಪಾ” ಎಂದು ಕೂಗಿತು. ಯಾರೋ ನಮ್ಮ ಕಡೆಯವರಿರಬೇಕೆಂದು ನಾನು ಥಟ್ಟನೆ ತಿರುಗಿದೆ. ಕೊರಿಯನ್ ಮಗು. ಅವರೂ ತಂದೆಯನ್ನು ಕರೆಯುವುದು ಹಾಗೆಯೇ.

“ಮಾಮ್, ಹಿ ಈಸ್ ನಾಟ್ ಕಾಲಿಂಗ್ ಯು,” ಎಂದಳು ಮಗಳು, ಪೊಟ್ಟಣದಿಂದ ತಲೆಯೆತ್ತದೆ.

ಅದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಹಾಗೆ ಅಪ್ಪಾ ಎಂದು ಕೂಗುವ ಮಕ್ಕಳ ನಡುವೆ ನಾನು ಒಂದು ವರ್ಷ ಕಳೆದವಳು. ಕೊರಿಯಾಕ್ಕೆ ಹೋಗಿದ್ದೆ ಅಂದುಕೊಳ್ಳಬೇಡಿ. ಅಬುಧಾಬಿಯಲ್ಲೇ ಇದ್ದುಕೊಂಡು, ಕೊರಿಯನ್ನರ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರಿಕೆ ಮಾಡಿದೆ.

ಮದುವೆಯಾಗಿ ಬಂದ ಹೊಸತು. ಊರಲ್ಲಿ, ಕುಂದಾಪುರದ ಕಡೆಯ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಇಲ್ಲಿ ಶಾಲೆ ಸೇರಬೇಕಾದರೆ ಡಿಗ್ರಿ ಸರ್ಟಿಫಿಕೇಟಿಗೆ ಅಟೆಸ್ಟೇಶನ್ ಆಗಬೇಕು, ಅಂದರೆ ಊರಿನ ಕಚೇರಿಗಳಲ್ಲೂ ಇಲ್ಲಿನ ಕಚೇರಿಗಳಲ್ಲೂ ಅದರ ಮೇಲೆ ಮೊಹರು ಬೀಳಬೇಕು. ನನ್ನ ಸರ್ಟಿಫಿಕೇಟು ನನಗಿಂತ ಹೆಚ್ಚು ಊರು ಸುತ್ತಿತು. ಅದು ಬರುವವರೆಗೆ ಮನೆಯಲ್ಲಿ ಕೂತು ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ಈ ಕೆಲಸದ ಸುದ್ದಿ ತಂದವರು ನನ್ನ ಗಂಡ. ಅವರು ಒಂದು ಫರ್ನಿಚರ್ ಕಂಪೆನಿಯಲ್ಲಿ ಅಕೌಂಟೆಂಟು. ಆ ಶಾಲೆಗೆ ಬೆಂಚು ಕೊಟ್ಟವರು ಇವರ ಕಂಪೆನಿಯವರು.

ಶಾಲೆಯೆಂದರೆ ಶನಿವಾರದ ಶಾಲೆ. ಕೊರಿಯಾದ ಇಂಜಿನಿಯರುಗಳ ಮಕ್ಕಳು ವಾರವಿಡೀ ಇಂಗ್ಲಿಷ್ ಶಾಲೆಗೆ ಹೋಗಿ ತಮ್ಮ ಭಾಷೆ ಮರೆಯುತ್ತಾರೆಂದು, ಬೇರೊಂದು ಶಾಲೆಯ ಕೋಣೆಗಳನ್ನು ರಜಾದಿನ ಬಾಡಿಗೆಗೆ ಹಿಡಿದು ಅವರಿಗೆ ಕೊರಿಯನ್ ಕಲಿಸುತ್ತಿದ್ದರು. ಮಕ್ಕಳನ್ನು ಕರೆತಂದ ತಾಯಂದಿರು ಹೊರಗೆ ಕಾಯಬೇಕಲ್ಲ, ಆ ಹೊತ್ತಿಗೆ ಅವರಿಗೆ ಇಂಗ್ಲಿಷ್. ಗೋಡೆಯ ಆಚೆ ಮಕ್ಕಳು ಮರೆತದ್ದನ್ನು ಕಲಿಯುತ್ತಿದ್ದರು, ಈಚೆ ತಾಯಂದಿರು ಬಾರದ್ದನ್ನು. ನಡುವೆ ಎರಡೂ ಅಲ್ಲದ ಕುಂದಾಪುರದವಳು ನಾನು.

ಮೊದಲ ದಿನ ಎಲ್ಲರ ಹೆಸರು ಕೇಳಿದೆ. “ಸೊಯೊನ್ ಒಮ್ಮಾ,” ಎಂದರು ಮುಂದಿನ ಬೆಂಚಿನಲ್ಲಿದ್ದ ಹೆಂಗಸು. ಒಮ್ಮಾ ಅಂದರೆ ಅಮ್ಮ. ಸೊಯೊನ್ ಅವರ ಮಗಳು. ಪಕ್ಕದವರೂ ಇನ್ಯಾರದೋ ಒಮ್ಮಾ, ಹಿಂದಿನವರೂ ಅಷ್ಟೆ. ನಾನು ಪಟ್ಟು ಬಿಡಲಿಲ್ಲ, ಹೊಸ ಟೀಚರಿನ ಉತ್ಸಾಹ. ನಿಮ್ಮ ಹೆಸರು ಹೇಳಿ, ಮಗಳದ್ದಲ್ಲ ಎಂದೆ. ಅವರು ಎಡಬಲ ನೋಡಿ, ನಾಚಿಕೊಂಡು, “ಮೈ ನೇಮ್ ಈಸ್ ಮಿಸುಕ್,” ಎಂದರು. ಪಕ್ಕದವರು ಅವರತ್ತ ತಿರುಗಿ ನೋಡಿದ ಬಗೆಯಿಂದ ಅವರೂ ಆ ಹೆಸರು ಕೇಳಿದ್ದು ಅದೇ ಮೊದಲೆಂದು ತಿಳಿಯಿತು. ನಮ್ಮ ಭಾಷೆಯಲ್ಲಿ ಮಿಸುಕುವುದೆಂದರೆ ಸ್ವಲ್ಪ ಅಲುಗಾಡುವುದು ಎಂದು ಹೇಳಿ, ಬೆರಳು ಅಲ್ಲಾಡಿಸಿ ತೋರಿಸಿದೆ. ಅವರಿಗೆ ಬಹಳ ಖುಷಿಯಾಯಿತು. ಆಮೇಲೆ ವರ್ಷವಿಡೀ ನನ್ನನ್ನು ದೂರದಿಂದ ಕಂಡರೆ ಕೈ ಬೀಸುವ ಬದಲು ಬೆರಳು ಮಿಸುಕಿಸುತ್ತಿದ್ದರು.

ಮಿಸುಕ್ ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಗಂಡನಿಗೆ ಇಲ್ಲಿಗೆ ವರ್ಗವಾಗುವವರೆಗೆ ಕಡಲತೀರದ ಒಂದು ಊರಿನಲ್ಲಿ ಹೆಂಗಸರ ತಲೆಗೂದಲು ಕತ್ತರಿಸುವ ಅಂಗಡಿ ನಡೆಸುತ್ತಿದ್ದರಂತೆ. ನಾನೂ ಕಡಲ ಬದಿಯವಳು ಎಂದಾಗ ನೇರ ಬೋರ್ಡಿಗೆ ಹೋಗಿ ಒಂದು ಮೀನು ಬರೆದರು. ಬೆನ್ನ ಮೇಲಿನ ಅಲೆಅಲೆ ಗೆರೆ ನೋಡಿದ್ದೇ ನಾನು “ಬಂಗುಡೆ” ಎಂದೆ. ಅವರು “ಕೊದುಂಗೊ” ಎಂದರು. ಆ ದಿನ ಬೋರ್ಡು ತುಂಬ ಮೀನು. ಇಬ್ಬರಿಗೂ ಎಲ್ಲ ಮೀನು ಗೊತ್ತು, ಅರ್ಧಕ್ಕರ್ಧ ಮೀನಿನ ಇಂಗ್ಲಿಷ್ ಹೆಸರು ಇಬ್ಬರಿಗೂ ಗೊತ್ತಿಲ್ಲ. ಹಾಗೆ ಪಾಠ ಮಾಡಿಯೂ ನನ್ನನ್ನು ಕೆಲಸದಿಂದ ತೆಗೆಯದಿದ್ದುದು ಶಾಲೆಯವರ ದೊಡ್ಡತನ.

ಮಿಸುಕ್ ನನ್ನನ್ನು ಮನೆಗೆ ಕರೆದರು. ಕಾರ್ನಿಶ್ ಎಂಬ ಕಡಲತೀರದ ರಸ್ತೆಯ ಬದಿಯ ದೊಡ್ಡ ಕಟ್ಟಡ, ಕಿಟಕಿ ತುಂಬ ಸಮುದ್ರ. ಊಟ ಹಾಕಿ, ಕುರ್ಚಿಯಲ್ಲಿ ಕೂರಿಸಿ, ನನ್ನ ಕೂದಲಿನ ತುದಿ ಕತ್ತರಿಸಿಕೊಟ್ಟರು. ಹೊರಡುವಾಗ “ನೆಕ್ಸ್ಟ್, ಟೀಚರ್ ಹೌಸ್,” ಎಂದರು.

ಈಗ ನಮ್ಮ ಮನೆಯ ವಿಷಯ ಹೇಳಬೇಕು. ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಕಟ್ಟಡ. ಫ್ಲ್ಯಾಟು ಉಳ್ಳಾಲದ ಬ್ಯಾರಿ ದಂಪತಿಯದು. ಬೆಡ್‌ರೂಮಿನಲ್ಲಿ ಅವರು ಮತ್ತು ಅವರ ಮಕ್ಕಳು. ಹಾಲಿಗೆ ಅಡ್ಡ ಪ್ಲೈವುಡ್ ಹೊಡೆದು ಮಾಡಿದ ಅರ್ಧದಲ್ಲಿ ನಾವು. ಒಂದು ಮಂಚ, ಮಂಚದ ಕೆಳಗೆ ಸೂಟ್‌ಕೇಸು, ಫ್ರಿಜ್ಜಿನ ಮೇಲೆ ಟಿವಿ. ಅಡಿಗೆಮನೆ, ಬಚ್ಚಲು ಎರಡು ಸಂಸಾರಕ್ಕೂ ಒಂದೇ. ಕೊಲ್ಲಿಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಎಷ್ಟೋ ಜನ ಹೀಗೇ ಶುರು ಮಾಡುವುದು. ಮನೆಯೊಡತಿ ಝೊಹರಾ ನನ್ನನ್ನು ಒಂದು ದಿನವೂ ಬಾಡಿಗೆಯವಳಂತೆ ನೋಡಿದವರಲ್ಲ. ಆದರೂ ಆ ಕಿಟಕಿ ತುಂಬಿದ ಸಮುದ್ರ ನೋಡಿ ಬಂದ ಮೇಲೆ ಮಿಸುಕ್‌ರನ್ನು ಈ ಪ್ಲೈವುಡ್ಡಿನ ಹಿಂದೆ ಎಲ್ಲಿ ಕೂರಿಸಲಿ? ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ಮುಗಿಯಲಿ ಎಂದುಬಿಟ್ಟೆ.

ಅಲ್ಲಿಂದ ಶುರುವಾಯಿತು ನೋಡಿ. ಮುಂದಿನ ವಾರ ಅವರು, “ಟೀಚರ್ ಹೌಸ್ ಪೇಂಟಿಂಗ್ ಫಿನಿಶ್?” ಎಂದು ಕೇಳಿದರು. ನಾನು ಕ್ರಿಯಾಪದ ತಿದ್ದಿದೆ. ಅದರ ಮುಂದಿನ ವಾರ, “ಪೇಂಟಿಂಗ್ ಈಸ್ ಫಿನಿಶಿಂಗ್?” ಮತ್ತೆ ತಿದ್ದಿದೆ. ವರ್ತಮಾನ, ಭೂತ, ಭವಿಷ್ಯ ಎಲ್ಲವನ್ನೂ ಅವರು ನನ್ನ ಮನೆಯ ಬಣ್ಣದ ಮೇಲೆಯೇ ಅಭ್ಯಾಸ ಮಾಡಿದರು. ನನ್ನ ಬಾಯಿಂದ ಅವರು ಅತಿ ಹೆಚ್ಚು ಕೇಳಿದ ಇಂಗ್ಲಿಷ್ “ನಾಟ್ ಯೆಟ್” ಇರಬೇಕು. ಅಬುಧಾಬಿಯ ಅರಮನೆಗಳಿಗೂ ಅಷ್ಟು ಕಾಲ ಬಣ್ಣ ಹೊಡೆದಿರಲಾರರು. ಝೊಹರಾಗೆ ಹೇಳಿದರೆ ಅವರು ನಕ್ಕು, “ಕರ್ಕೊಂಡು ಬನ್ನಿ ಟೀಚರ್. ನಮ್ಮ ರೂಮಲ್ಲಿ ಕೂರಿಸುವ. ಮಕ್ಕಳನ್ನು ಹೊರಗೆ ಆಡ್ಲಿಕ್ಕೆ ಕಳಿಸ್ತೇನೆ,” ಎಂದರು. ನೋಡುವ, ಎಂದೆ.

ಅಷ್ಟರಲ್ಲಿ ನಾನು ಬಸುರಿಯಾದೆ. ಕ್ಲಾಸಿನಲ್ಲಿ ಅದನ್ನು ಮೊದಲು ಗುರುತಿಸಿದವರೂ ಮಿಸುಕ್. ಯಾರೋ ಕಾಫಿಯ ಲೋಟ ಮುಂದೆ ಹಿಡಿದಾಗ ನಾನು ಮುಖ ತಿರುಗಿಸಿದ್ದನ್ನು ನೋಡಿ, ಹತ್ತಿರ ಬಂದು, “ಬೇಬಿ?” ಎಂದು ಪಿಸುಗುಟ್ಟಿದರು. ಊರಲ್ಲಿ ಅತ್ತೆಗೂ ಇನ್ನೂ ಹೇಳಿರಲಿಲ್ಲ. ಮುಂದಿನ ಶನಿವಾರದಿಂದ ನನಗೆಂದು ಒಂದು ಕುರ್ಚಿ ಬಂತು. ನಿಂತು ಪಾಠ ಮಾಡಲು ಅವರು ಬಿಡಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಮಗು ಉಳಿಯಲಿಲ್ಲ.

ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಈಗಲೂ ಆಗುವುದಿಲ್ಲ. ಆಸ್ಪತ್ರೆಯಿಂದ ಬಂದು ಮಲಗಿದೆ. ಊರಿಂದ ಅಮ್ಮ ಫೋನಿನಲ್ಲಿ, “ಆದದ್ದು ಆಯ್ತು ಮಗಾ, ಯಾರ ಹತ್ರವೂ ಹೇಳ್ಲಿಕ್ಕೆ ಹೋಗ್ಬೇಡ,” ಎಂದಳು. ಗಂಡ ಎರಡು ದಿನ ರಜೆ ಹಾಕಿ, ಮಂಚದ ತುದಿಯಲ್ಲಿ ಕೂತು, ಫೋನು ನೋಡುತ್ತಾ ಇದ್ದು, ಮತ್ತೆ ಕೆಲಸಕ್ಕೆ ಹೋದರು. ಶಾಲೆಯ ಆಫೀಸಿಗೆ ಫೋನು ಮಾಡಿ ನಾನು ಬರುವುದಿಲ್ಲವೆಂದು ಹೇಳಿದವರು ಅವರೇ. ಕಾರಣವನ್ನೂ ಹೇಳಿದ್ದರು. ಆಫೀಸಿನವರು ಅಡ್ರೆಸ್ ಕೇಳಿದರು, ಇವರು ಕೊಟ್ಟರು.

ಒಂದು ಮಧ್ಯಾಹ್ನ ಕರೆಗಂಟೆ ಬಡಿಯಿತು. ಬಾಗಿಲು ತೆರೆದ ಝೊಹರಾ ಓಡಿಬಂದು ಪ್ಲೈವುಡ್ಡಿನ ಸಂದಿಯಿಂದ, “ಟೀಚರ್, ನಿಮ್ಮ ಕೊರಿಯಾದವರು ಬಂದಿದ್ದಾರೆ. ಒಂದು ಪಾತ್ರೆ ಉಂಟು ಕೈಯಲ್ಲಿ,” ಎಂದರು.

“ನಿದ್ದೆ ಬಂದಿದೆ ಅಂತ ಹೇಳಿ.”

“ನನಗೆ ಅವರ ಭಾಷೆ ಬರ್ತದಾ? ನೀವೇ ನಿದ್ದೆ ಮಾಡಿ ತೋರಿಸಿ,” ಎಂದು ಹೋದರು.

ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದೆ. ಅವರಿಬ್ಬರೂ ಅಡಿಗೆಮನೆಗೆ ಹೋದದ್ದು ಕೇಳಿಸಿತು. ಒಲೆ ಹೊತ್ತಿತು, ಲೋಟಗಳ ಸದ್ದಾಯಿತು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಕೊರಿಯನ್ನಿನಲ್ಲಿ ತಡೆಯಿಲ್ಲದೆ ಮಾತಾಡುತ್ತಿದ್ದರು. ಆಮೇಲೆ ಹೆಜ್ಜೆಗಳು ನನ್ನ ಕಡೆಗೆ ಬಂದವು. ಮಂಚದ ಪಕ್ಕ ಒಬ್ಬರು ಕಾಲು ಮಡಚಿ ಕೂರುವಷ್ಟೇ ಜಾಗ. ಮಿಸುಕ್ ಅಲ್ಲಿ ನೆಲದ ಮೇಲೆ ಕೂತರು.

ನನ್ನ ಕೂದಲು ಮಲಗಿ ಮಲಗಿ ಜಡೆಗಟ್ಟಿತ್ತು. ಅವರು ತಮ್ಮ ಚೀಲದಿಂದ ಬಾಚಣಿಗೆ ತೆಗೆದು, ತುದಿಯಿಂದ ಶುರು ಮಾಡಿ, ಒಂದೊಂದೇ ಸಿಕ್ಕು ಬಿಡಿಸತೊಡಗಿದರು. ಒಂದು ಸಲವೂ ನೋಯಿಸಲಿಲ್ಲ. ಕಣ್ಣು ತೆರೆದರೆ ಮೊದಲು ಪ್ಲೈವುಡ್ಡು ಕಾಣುತ್ತದೆ, ಆಮೇಲೆ ಅವರ ಮುಖ. ನಾಚಿಕೆಗಾದರೂ ಅಳುವಿಗಾದರೂ ಒಂದಕ್ಕೆ ನಾನು ಸಿಕ್ಕಿಬೀಳುತ್ತೇನೆ. ಹಾಗಾಗಿ ತೆರೆಯಲಿಲ್ಲ. ಬಾಚಿ, ಸಡಿಲವಾಗಿ ಜಡೆ ಹೆಣೆದು, ಭುಜದ ಮೇಲೆ ಎಳೆದಿಟ್ಟು ಅವರು ಎದ್ದರು. ಪ್ಲೈವುಡ್ಡಿನ ಬಳಿ ನಿಂತು, ಯಾರಿಗೆಂದಿಲ್ಲದೆ, ನಿಧಾನವಾಗಿ ಹೇಳಿದರು:

“ಟೀಚರ್ ಹೌಸ್ ಈಸ್ ವೆರಿ ಗುಡ್. ದ ಪೇಂಟಿಂಗ್ ಹ್ಯಾಸ್ ಫಿನಿಶ್ಡ್.”

ವ್ಯಾಕರಣದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಪಾತ್ರೆಯಲ್ಲಿ ಕಡುಹಸಿರು ಎಲೆಯಂಥದ್ದು ತೇಲುವ ಸಾರು. ಸಮುದ್ರದ ಪಾಚಿಯದಂತೆ, ಬಾಯಿಗೆ ಉಪ್ಪುಪ್ಪು, ಲೋಳೆಲೋಳೆ. ಝೊಹರಾ ಬಿಸಿ ಮಾಡಿ ತಂದರು. ಎರಡು ಚಮಚ ಕುಡಿದು ಸಾಕೆಂದೆ. “ಅವರಿಗೆ ಗೊತ್ತಿತ್ತು ಟೀಚರ್, ನಿಮಗೆ ಎಚ್ಚರ ಉಂಟು ಅಂತ,” ಎಂದರು ಅವರು. “ತಲೆ ಬಾಚುವವರಿಗೆ ಗೊತ್ತಾಗುದಿಲ್ವಾ?”

ಆಮೇಲೆ ನಾನು ಆ ಶಾಲೆಗೆ ಹೋಗಲಿಲ್ಲ. ಇನ್ನೆರಡು ವಾರ ಹೋಗಲಿ, ಮುಖ ಸರಿಯಾಗಲಿ ಅಂದುಕೊಳ್ಳುತ್ತಲೇ ಬೇಸಿಗೆ ರಜೆ ಬಂತು. ರಜೆಯ ಕೊನೆಗೆ ನನ್ನ ಸರ್ಟಿಫಿಕೇಟೂ ಬಂತು, ಅಲ್ ಐನ್‌ನ ಒಂದು ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಹೊರಡುವ ಮೊದಲು ಮಿಸುಕ್‌ರಿಗೆ ಅವರ ಪಾತ್ರೆ ಕೊಟ್ಟು, ಒಂದು ಮಾತು ಹೇಳಿ ಬರೋಣವೆಂದು ಹೊರಟೆ. ಖಾಲಿ ಪಾತ್ರೆ ಕೊಡಬಾರದೆಂದು ಝೊಹರಾ ಅಕ್ಕಿರೊಟ್ಟಿಯಂಥ ಪತ್ತಿರ್ ಮಾಡಿ ತುಂಬಿಸಿ, ತಾವೂ ಜೊತೆಗೆ ಬಂದರು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಸುಲಭದ ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಮಿಸುಕ್ ಮೊದಮೊದಲು ನನ್ನೊಂದಿಗೆ ಮಾತಾಡುವಾಗ ಪಟ್ಟ ಪಾಡು ಅದೇ ಇರಬೇಕು.

ವಾಚ್‌ಮನ್ ನಮ್ಮನ್ನು ಲಿಫ್ಟಿನವರೆಗೂ ಬಿಡಲಿಲ್ಲ. “ಆ ಫ್ಯಾಮಿಲಿ ಖಲಾಸ್, ಮೇಡಂ. ಹೋದ ವಾರ ಊರಿಗೆ ಹೋದರು,” ಎಂದ ಹಿಂದಿಯಲ್ಲಿ. ಅವರ ನಂಬರಿಗೆ ಫೋನು ಮಾಡಿದೆ, ಸ್ವಿಚ್ ಆಫ್. ಶಾಲೆಯ ಆಫೀಸಿನಲ್ಲಿ ವಿಚಾರಿಸಿದರೆ, ಕಂಪೆನಿಯ ಕೆಲಸ ಮುಗಿಯಿತು, ಕರೆಸಿಕೊಂಡರು ಎಂದಷ್ಟೇ ಗೊತ್ತಾಯಿತು.

ನಾವಿಬ್ಬರೂ ಕಾರ್ನಿಶ್‌ನ ಬೆಂಚಿನ ಮೇಲೆ ಕೂತೆವು. ಸುಡುವ ಬಿಸಿಲು, ಬೇರೆ ಯಾರೂ ಇರಲಿಲ್ಲ. ಝೊಹರಾ ಪಾತ್ರೆಯ ಮುಚ್ಚಳ ತೆಗೆದು, “ತಿನ್ನಿ ಟೀಚರ್. ವಾಪಸ್ ಮನೆಗೆ ತಕ್ಕೊಂಡು ಹೋಗುದು ಬೇಡ,” ಎಂದರು. ತಿಂದೆವು. ಜೋಡಿಸಿಕೊಂಡ ಮಾತು ಬಾಯಲ್ಲೇ ಇತ್ತು. ಝೊಹರಾಗೆ ಹೇಳಲೂ ಆಗಲಿಲ್ಲ.

ಅದಾಗಿ ಎಷ್ಟೋ ವರ್ಷ. ಅಲ್ ಐನ್‌ನಲ್ಲಿ ಇದ್ದಾಗಲೇ ಮಗಳು ಹುಟ್ಟಿದಳು, ಗಂಡನಿಗೆ ದುಬೈಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಝೊಹರಾ ಉಳ್ಳಾಲಕ್ಕೆ ಮರಳಿದರು. ನಮ್ಮ ಈಗಿನ ಮನೆಯಲ್ಲಿ ಅತಿಥಿಗಳಿಗೆಂದೇ ಒಂದು ಕೋಣೆ ಇದೆ. ಹೆಚ್ಚಿನ ದಿನ ಅದರಲ್ಲಿ ಬಟ್ಟೆ ಒಣಗುತ್ತದೆ.

ಮೊನ್ನೆ ಅಂಗಡಿಯಲ್ಲಿ ಆ ಮಗುವಿನ ಕೂಗಿಗೆ ತಿರುಗಿದಾಗ, ಎದುರಿನ ಕಪಾಟಿನಲ್ಲಿ ಒಣಗಿಸಿದ ಸಮುದ್ರಪಾಚಿಯ ಪೊಟ್ಟಣಗಳಿದ್ದವು. ಮೇಲೆ ಸಾರಿನ ಬಟ್ಟಲಿನ ಚಿತ್ರ. ಗುರುತು ಹಿಡಿದು ಒಂದನ್ನು ತೆಗೆದುಕೊಂಡೆ. ದುಡ್ಡು ತೆಗೆದುಕೊಳ್ಳುವ ಕೊರಿಯನ್ ಹೆಂಗಸು ಅದನ್ನು ನೋಡಿ, ಮಗಳನ್ನು ನೋಡಿ ನಕ್ಕು, ಇವಳ ಹುಟ್ಟುಹಬ್ಬವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಲ್ಲವೆಂದೆ. ಈ ಸಾರನ್ನು ನಾವು ಹುಟ್ಟುಹಬ್ಬಕ್ಕೆ ಮಾಡುತ್ತೇವೆ ಎಂದರು ಆಕೆ. ಆಗಷ್ಟೇ ಹೆತ್ತ ತಾಯಿಗೆ ಮೊದಲು ಕೊಡುವುದು ಇದನ್ನೇ, ವಾರಗಟ್ಟಲೆ ಇದನ್ನೇ ಕುಡಿಸುತ್ತಾರೆ. ಅದರ ನೆನಪಿಗೆ ಮಕ್ಕಳು ಪ್ರತಿ ಹುಟ್ಟುಹಬ್ಬಕ್ಕೆ ಕುಡಿಯುತ್ತಾರೆ.

ಹುಡುಕಿದ್ದರೆ ಈ ಸಂಗತಿ ಎಂದೋ ತಿಳಿಯುತ್ತಿತ್ತು. ಆದರೆ ಆ ದಿನಗಳದ್ದು ಯಾವುದನ್ನೂ ನಾನು ಮತ್ತೆ ತೆರೆದು ನೋಡಿದವಳಲ್ಲ. ಯಾರ ಹತ್ತಿರವೂ ಹೇಳಬೇಡ ಎಂದು ನನ್ನ ಅಮ್ಮನೇ ಹೇಳಿದ ಹೊತ್ತಿನಲ್ಲಿ, ಆ ಹೆಂಗಸು ನನ್ನನ್ನು ಹೆತ್ತವಳೆಂದು ಎಣಿಸಿ ಬಾಣಂತಿಯ ಸಾರು ಹೊತ್ತು ಬಂದಿದ್ದರು. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ.

ರಸ್ತೆ ದಾಟುವಾಗ ಮಗಳು, ಹುಟ್ಟುಹಬ್ಬವಿಲ್ಲದಿದ್ದರೆ ಇದನ್ನು ಏಕೆ ಕೊಂಡೆ ಎಂದಳು. ಕಟ್ಟಡದ ಕೆಳಗಿನ ಕಟ್ಟೆಯ ಮೇಲೆ ಕೂರಿಸಿ ಅವಳಿಗೆ ಎಲ್ಲವನ್ನೂ ಹೇಳಿದೆ, ಕನ್ನಡದಲ್ಲಿ. ನಿನಗಿಂತ ಮೊದಲು ಒಂದು ಮಗುವಿತ್ತು ಎಂಬುದನ್ನೂ. ಅವಳು ಆ ಪೊಟ್ಟಣವನ್ನು ಕೈಗೆತ್ತಿಕೊಂಡು, “ಡಿಡ್ ಯು ಥ್ಯಾಂಕ್ ಹರ್?” ಎಂದಳು.

“ಇಲ್ಲ ಮಗಾ.”

ಸಂಜೆ ಪೊಟ್ಟಣದ ಹಿಂದೆ ಬರೆದಂತೆ ಸಾರು ಮಾಡಿದೆ. ಪಾಚಿ ನೀರಿನಲ್ಲಿ ಹಿಗ್ಗಿ ಪಾತ್ರೆಯಿಂದ ಹೊರಗೆ ಬಂತು, ಉಪ್ಪು ಜಾಸ್ತಿಯಾಯಿತು. ಮಗಳು ಮೂಗು ಹಿಡಿದುಕೊಂಡು ಅರ್ಧ ಬಟ್ಟಲು ಕುಡಿದಳು. ಆಫೀಸಿನಿಂದ ಬಂದ ಗಂಡನ ಮುಂದೆಯೂ ಒಂದು ಬಟ್ಟಲು ಇಟ್ಟು, ಏನೆಂದು ಹೇಳದೆ ಎದುರು ಕೂತೆ. ಅವರು ಒಂದು ಚಮಚ ಕುಡಿದು, ಚಮಚ ಕೆಳಗಿಟ್ಟರು. ಆ ಮಗುವಿನ ವಿಷಯವನ್ನು ನಾವಿಬ್ಬರೂ ಒಮ್ಮೆಯೂ ಎತ್ತಿದವರಲ್ಲ.

“ಅವತ್ತು ನೀನು ಬಿಟ್ಟದ್ದು ಪಾತ್ರೆ ತುಂಬ ಇತ್ತು,” ಎಂದರು ಅವರು, ನನ್ನ ಕಡೆ ನೋಡದೆ. “ನಾನೇ ಕುಡ್ದಿದ್ದೆ. ಅಡಿಗೆಮನೆಯಲ್ಲಿ, ಒಬ್ನೇ ನಿಂತ್ಕಂಡು.”